ತಲೆಯ ಮೇಲೊಂದು ಹವಾಮಾನ ಇಲಾಖೆ

ಗುಂಗುರು ಕೂದಲಿನವರನ್ನು ಕಂಡರೆ ಜನ "ಚೆನ್ನಾಗಿದ್ದೀರಾ?" ಎನ್ನುವ ಮೊದಲು "ಇವತ್ತು ತಲೆ ಬಾಚಿಲ್ಲವೇ?" ಎನ್ನುತ್ತಾರೆ. ಬಾಚಿದ್ದೇನೆ ಸ್ವಾಮೀ, ಬಾಚಿದ್ದರಿಂದಲೇ ಹೀಗಾಗಿರುವುದು. ಈ ಉತ್ತರವನ್ನು ಇದುವರೆಗೆ ಒಬ್ಬರೂ ನಂಬಿಲ್ಲ. ನೇರ ಕೂದಲಿನವರ ಲೋಕದಲ್ಲಿ ಬಾಚಣಿಗೆಗೆ ಬೆಲೆಯಿದೆ. ಬಾಚಿದಷ್ಟೂ ಕೂದಲು ತಗ್ಗಿ ಬಗ್ಗಿ ನಡೆಯುತ್ತದೆ. ನನ್ನ ತಲೆಯ ಮೇಲೆ ಅದೇ ಬಾಚಣಿಗೆ ಒಮ್ಮೆ ಆಡಿದರೆ ಮುಗಿಯಿತು. ಅಲ್ಲಿಯವರೆಗೆ ಒಂದೇ ಸುರುಳಿಯಲ್ಲಿ ಸುತ್ತಿಕೊಂಡು ಬಾಳುತ್ತಿದ್ದ ಎಳೆಗಳೆಲ್ಲ ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ದಿಕ್ಕಿಗೊಬ್ಬರಾಗಿ ನಿಲ್ಲುತ್ತವೆ. ಅವರನ್ನು ಮತ್ತೆ ಒಂದು ಸೂರಿನಡಿ ತರಬೇಕಾದರೆ ತಲೆಗೆ ನೀರು ಹೊಯ್ದುಕೊಳ್ಳುವುದೊಂದೇ ದಾರಿ.

ನನ್ನ ತಂಗಿಯದು ನೇರ ಕೂದಲು. ಅದೇ ಅಪ್ಪ, ಅದೇ ಅಮ್ಮ, ಒಂದೇ ಬಚ್ಚಲುಮನೆ. ಅವಳು ಬೆಳಗ್ಗೆ ಎದ್ದು ಬೆರಳಿನಿಂದ ಎರಡು ಸಲ ಸವರಿಕೊಂಡು ಹೊರಟುಬಿಡುತ್ತಾಳೆ. ನಾನು ಹೊರಡುವ ಹೊತ್ತಿಗೆ ಅವಳು ಹೋದ ಕೆಲಸ ಮುಗಿಸಿ ಬಂದಿರುತ್ತಾಳೆ. ಈ ಅನ್ಯಾಯದ ಮೂಲ ಚರ್ಮದ ಕೆಳಗಿದೆ. ಕೂದಲು ಹುಟ್ಟುವ ಗೂಡು ನೆಟ್ಟಗಿದ್ದರೆ ಕೂದಲೂ ನೆಟ್ಟಗೆ. ಗೂಡೇ ಬಾಗಿದ್ದರೆ ಅದು ಬಾಗಿಕೊಂಡೇ ಹೊರಬರುತ್ತದೆ. ಅಡ್ಡಲಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ನೇರ ಕೂದಲು ಹೆಚ್ಚುಕಡಿಮೆ ದುಂಡಗೆ ಕಾಣುತ್ತದೆ, ಗುಂಗುರಿನದು ಅಂಡಾಕಾರವಾಗಿ ಚಪ್ಪಟೆಯಾಗಿರುತ್ತದೆ. ನೆತ್ತಿಯ ಗ್ರಂಥಿಗಳು ಒಸರುವ ಎಣ್ಣೆ ತಂಗಿಯ ಕೂದಲಿನಲ್ಲಿ ಸಲೀಸಾಗಿ ತುದಿಯವರೆಗೂ ಇಳಿಯುತ್ತದೆ. ನನ್ನಲ್ಲಿ ಅದು ಮೊದಲ ತಿರುವಿನಲ್ಲೇ ದಾರಿ ತಪ್ಪುತ್ತದೆ. ಹಾಗಾಗಿ ಬುಡದಲ್ಲಿ ಜಿಡ್ಡು, ತುದಿಯಲ್ಲಿ ಬರ. ಬುಡಕ್ಕೊಂದು ಆರೈಕೆ, ತುದಿಗೊಂದು ಆರೈಕೆ, ನಡುವೆ ನಾನು.

ಇನ್ನು ನೀರಿನ ವಿಚಾರ. ಕೂದಲಿನ ಕಸುಬೆಲ್ಲ ಕೆರಾಟಿನ್ ಎಂಬ ಪ್ರೋಟೀನಿನದು. ಅದನ್ನು ಹಿಡಿದಿಡುವ ಬಂಧಗಳಲ್ಲಿ ಗಂಧಕದ ಪರಮಾಣುಗಳು ಕಟ್ಟಿಕೊಂಡ ಡೈಸಲ್ಫೈಡ್ ಬಂಧ ಗಟ್ಟಿ ಆಸಾಮಿ, ಸ್ನಾನಕ್ಕೆಲ್ಲ ಜಗ್ಗುವುದಿಲ್ಲ. ಹೈಡ್ರೋಜನ್ ಬಂಧದ್ದು ಚಂಚಲ ಬುದ್ಧಿ. ಒದ್ದೆಯಾದರೆ ಕೈ ಬಿಡುತ್ತದೆ, ಒಣಗುವ ಹೊತ್ತಿಗೆ ಕೂದಲು ಯಾವ ಭಂಗಿಯಲ್ಲಿದೆಯೋ ಆ ಭಂಗಿಯಲ್ಲೇ ಮತ್ತೆ ಕೈ ಹಿಡಿಯುತ್ತದೆ. ಒದ್ದೆ ತಲೆಯಲ್ಲಿ ಬಲಗಡೆ ಒರಗಿ ಕಣ್ಣು ಮುಚ್ಚಿದರೆ ಏಳುವಾಗ ಬಲಗಡೆ ಮೈದಾನ, ಎಡಗಡೆ ಗೋಪುರ. ಗುಂಗುರು ಕೂದಲಿನ ಅಲಂಕಾರವೆಂದು ಏನೇನು ನಡೆಯುತ್ತದೆಯೋ ಅದೆಲ್ಲ ನೀರು ಯಾವಾಗ ಒಳಗೆ ಬರಬೇಕು, ಯಾವಾಗ ಹೊರಗೆ ಹೋಗಬೇಕು ಎಂಬುದರ ಮೇಲಿನ ಚೌಕಾಸಿ. ಗಾಳಿಯಲ್ಲಿ ತೇವ ಏರಿದ ದಿನ ಚೌಕಾಸಿಗೂ ಅವಕಾಶವಿಲ್ಲ. ಕೂದಲು ಒಡತಿಯನ್ನು ಕೇಳದೆಯೇ ಅದನ್ನು ಹೀರಿಕೊಂಡು ಉಬ್ಬುತ್ತದೆ.

ಈ ಗುಣವನ್ನು ದೋಷವೆಂದು ಕರೆಯದ ಮಹಾನುಭಾವನೊಬ್ಬನಿದ್ದ. 1783ರಲ್ಲಿ ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಮನುಷ್ಯನ ಕೂದಲನ್ನೇ ಬಿಗಿದ ತೇವಮಾಪಕದ ಬಗ್ಗೆ ಬರೆದ. ಜಿಡ್ಡು ತೆಗೆದ ಕೂದಲು ಹಿಗ್ಗಿ ಕುಗ್ಗಿದಂತೆ ಮುಳ್ಳು ತಿರುಗುವ ಏರ್ಪಾಡು. ತೀರಾ ಒಣ ಗಾಳಿಯಿಂದ ತೀರಾ ತೇವದ ಗಾಳಿಗೆ ಬಂದರೆ ಕೂದಲು ಉದ್ದದಲ್ಲಿ ಶೇಕಡಾ 2ರಿಂದ 2.5ರಷ್ಟು ಹಿಗ್ಗುತ್ತದೆ. ಹವಾಮಾನ ಕೇಂದ್ರಗಳಲ್ಲಿ, ಆಮೇಲೆ ಆಕಾಶಕ್ಕೆ ಹಾರಿಬಿಟ್ಟ ಬಲೂನುಗಳಲ್ಲಿ, ಬಹುಕಾಲ ಈ ಕೂದಲೇ ದುಡಿಯಿತು. ಒಂದೆಳೆ ಕೂದಲಿಗೆ ಅಷ್ಟು ಮರ್ಯಾದೆ! ಒಂದು ತಲೆಯಲ್ಲಿ ಇರುವುದು ಸುಮಾರು ಒಂದು ಲಕ್ಷ ಕೂದಲು. ಲಕ್ಷ ಉಪಕರಣಗಳನ್ನು ಹೊತ್ತು ತಿರುಗುವ ನನಗೆ ಮಾತ್ರ "ಏನಮ್ಮಾ ಇದು ಅವತಾರ?" ಮನೆಯವರು ಇದರ ಪೂರ್ತಿ ಲಾಭ ಪಡೆಯುತ್ತಾರೆ ಎಂಬುದು ಬೇರೆ ಮಾತು. ಒಗೆದ ಬಟ್ಟೆಯನ್ನು ಹೊರಗೆ ಹರವುವ ಮುನ್ನ ಅಮ್ಮ ಆಕಾಶ ನೋಡುವುದಿಲ್ಲ, ನನ್ನ ತಲೆ ನೋಡುತ್ತಾರೆ.

ಅಂಗಡಿಯಲ್ಲಿ ನಾನು ಶಾಂಪೂ ಕೊಳ್ಳುವುದನ್ನು ನೋಡಿದವರು ರಸಾಯನಶಾಸ್ತ್ರದ ಪರೀಕ್ಷೆಗೆ ಓದುತ್ತಿದ್ದೇನೆಂದು ತಿಳಿಯುತ್ತಾರೆ. ಬಾಟಲಿಯ ಮುಂಭಾಗದಲ್ಲಿ ಹೊಳೆಯುವ ಸುಂದರಿಯನ್ನು ನಂಬುವ ಹಾಗಿಲ್ಲ. ನಿಜವೆಲ್ಲ ಹಿಂಭಾಗದಲ್ಲಿ, ಇರುವೆ ಕೂಡ ಕನ್ನಡಕ ಹಾಕಿಕೊಳ್ಳಬೇಕಾದ ಅಕ್ಷರಗಳಲ್ಲಿ ಇರುತ್ತದೆ. ಸೋಡಿಯಂ ಲಾರಿಲ್ ಸಲ್ಫೇಟ್ ಇದ್ದರೆ ನೊರೆ ಸೊಗಸಾಗಿ ಬರುತ್ತದೆ, ಆದರೆ ಮೊದಲೇ ಬರಗಾಲದಲ್ಲಿರುವ ತುದಿಯಿಂದ ಇದ್ದಬದ್ದ ಎಣ್ಣೆಯನ್ನೂ ಗುಡಿಸಿಕೊಂಡು ಹೋಗುತ್ತದೆ. ಡೈಮೆಥಿಕೋನ್ ಎಂಬ ಸಿಲಿಕೋನ್ ಇದ್ದರೆ ಹೊಳಪೇನೋ ಬರುತ್ತದೆ, ಆದರೆ ಅದು ನೀರಿನಲ್ಲಿ ಕರಗುವುದಲ್ಲ. ಮೆತ್ತಗಿನ ಶಾಂಪೂವಿಗೆ ಸುಲಭವಾಗಿ ಬಿಟ್ಟುಕೊಡದೆ ಪದರ ಕಟ್ಟುತ್ತದೆ. ಗ್ಲಿಸರಿನ್ ಇದ್ದರೆ ತೇವದ ದಿನ ಗಾಳಿಯಿಂದ ನೀರೆಳೆದು ಕೂದಲನ್ನು ಇನ್ನಷ್ಟು ಉಬ್ಬಿಸುತ್ತದೆ. ಹೀಗೆ ಒಂದೊಂದೇ ಬಾಟಲಿ ತಿರುವಿ ಹಾಕುತ್ತಿದ್ದಾಗ ಅಂಗಡಿಯ ಹುಡುಗ ಬಂದು "ಏನು ಹುಡುಕುತ್ತಿದ್ದೀರಿ ಮೇಡಂ?" ಎಂದ. "ಇದರಲ್ಲಿ ಏನೇನು ಇಲ್ಲ ಎಂದು ಹುಡುಕುತ್ತಿದ್ದೇನೆ" ಎಂದೆ. ಅವನು ಹೋಗಿ ಇನ್ನೊಬ್ಬ ಹುಡುಗನನ್ನೂ ಕರೆದುಕೊಂಡು ಬಂದು ಸ್ವಲ್ಪ ದೂರದಲ್ಲಿ ನಿಂತುಕೊಂಡ.

ತಲೆ ತೊಳೆಯುವ ದಿನ ನಾನು ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳುವುದಿಲ್ಲ. ಕಂಡೀಷನರನ್ನು ಧಾರಾಳವಾಗಿ ಹಚ್ಚಿ, ಕೂದಲು ಜಾರುವಂತಾದ ಮೇಲೆ ಅಗಲ ಹಲ್ಲಿನ ಬಾಚಣಿಗೆಯನ್ನು ತುದಿಯಿಂದ ಶುರುಮಾಡಿ ಮೇಲಕ್ಕೆ ಒಯ್ಯಬೇಕು. ಬುಡದಿಂದ ಎಳೆದರೆ ದಾರಿಯ ಸಿಕ್ಕುಗಳೆಲ್ಲ ಕೆಳಗೆ ಸೇರಿ ಒಂದು ಮಹಾಸಿಕ್ಕಾಗಿ ಕೂರುತ್ತವೆ. ಈ ಉತ್ಖನನದಲ್ಲಿ ಕಳೆದುಹೋಯಿತೆಂದು ಕೈಬಿಟ್ಟಿದ್ದ ಕ್ಲಿಪ್ಪುಗಳು, ಒಮ್ಮೆ ಒಂದು ಪೆನ್ಸಿಲ್ ತುಣುಕು ಕೂಡ ಸಿಕ್ಕಿದ್ದುಂಟು. ಆಮೇಲೆ ಬಚ್ಚಲಿನಲ್ಲಿ ಒಂದು ಮುಷ್ಟಿ ಕೂದಲು. ಯಾರ ತಲೆಯಿಂದಲಾದರೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನೇರ ಕೂದಲಿನವರದು ದಿಂಬು, ನೆಲ, ಕುರ್ಚಿಗಳಿಗೆ ಕಂತಿನಲ್ಲಿ ಸಂದಾಯವಾಗಿಬಿಡುತ್ತದೆ. ನಮ್ಮದು ಉದುರಿದರೂ ಸುರುಳಿಯೊಳಗೆ ಸಿಕ್ಕಿಕೊಂಡು ಕಾದಿದ್ದು, ತೊಳೆಯುವ ದಿನ ಒಟ್ಟಿಗೆ ಹೊರಡುತ್ತದೆ. ಇದನ್ನು ಎಷ್ಟು ವಿವರಿಸಿದರೂ ನಮ್ಮ ಅತ್ತೆಗೆ ಸಮಾಧಾನವಾಗಿಲ್ಲ. ಪ್ರತಿಸಲವೂ ಬಚ್ಚಲಿನ ಬಾಗಿಲಲ್ಲಿ ನಿಂತು, ಇನ್ನೇನು ತಲೆ ಬೋಳಾಗುವುದೊಂದು ಬಾಕಿ ಎಂಬಂತೆ ನನ್ನನ್ನು ನೋಡುತ್ತಾರೆ.

ನೀರು ಸೋರುತ್ತಿರುವ ತಲೆಗೇ ಜೆಲ್ ಹಚ್ಚಬೇಕು. ಒರೆಸಿಕೊಂಡು ಹಚ್ಚಿದರೆ ಸುರುಳಿಗಳು ಒಗ್ಗೂಡುವುದಿಲ್ಲ. ತಲೆ ಕೆಳಗೆ ಮಾಡಿ ಅಂಗೈಯಿಂದ ಕೂದಲನ್ನು ಮೇಲಕ್ಕೆ ಹಿಂಡುತ್ತಾ ಹೋದಂತೆ ಜೆಲ್ಲು ಬೆರೆತ ನೀರು ಮೊಣಕೈವರೆಗೂ ಇಳಿದು, ಅಲ್ಲಿಂದ ತೊಟ್ಟಿಕ್ಕುತ್ತದೆ. ಟವೆಲು ಮುಟ್ಟುವಂತಿಲ್ಲ. ಅದರ ಒರಟು ಕುಣಿಕೆಗಳು ಸುರುಳಿಯನ್ನು ಕೆದರಿಬಿಡುತ್ತವೆ. ಅದಕ್ಕೆ ಹಳೆಯ ಹತ್ತಿ ಟೀ ಶರ್ಟನ್ನು ಹರವಿ, ಕೂದಲನ್ನು ಅದರ ಮೇಲೆ ಮಡಿಸಿ ಕೂರಿಸಿ, ಎರಡು ತೋಳುಗಳನ್ನು ಹಣೆಯ ಮೇಲೆ ಗಂಟು ಹಾಕಬೇಕು. ಶಾಸ್ತ್ರ ಇಷ್ಟೇ. ಆದರೆ ಗಂಟು ಬೀಳುತ್ತಿದ್ದಂತೆ ಬಾಗಿಲ ಗಂಟೆ ಬಾರಿಸುತ್ತದೆ ಎಂಬುದು ಶಾಸ್ತ್ರದಲ್ಲಿ ಹೇಳದೇ ಬಿಟ್ಟ ನಿಯಮ. ಅಂದು ನಾನು ಸುತ್ತಿಕೊಂಡದ್ದು ರಕ್ತದಾನ ಶಿಬಿರದಲ್ಲಿ ತಂಗಿಗೆ ಸಿಕ್ಕ ಕೆಂಪು ಅಂಗಿ. ಕೊರಿಯರ್ ಹುಡುಗ ಬಾಗಿಲು ತೆರೆದವಳ ಹಣೆಯ ಮೇಲೆ "ರಕ್ತ ಕೊಡಿ" ಎಂಬ ಬೇಡಿಕೆಯನ್ನು ಓದಿಕೊಂಡು, ಮೊಣಕೈಯಿಂದ ಬೀಳುತ್ತಿದ್ದ ಹನಿಗಳನ್ನು ಗಮನಿಸಿ, ಮೆಲ್ಲಗೆ "ಮನೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ?" ಎಂದು ಕೇಳಿದ. ಸಹಿ ಹಾಕಿಸಿಕೊಂಡವನು ಪೆನ್ನನ್ನು ವಾಪಸು ಕೇಳಲೇ ಇಲ್ಲ.

ಮುಂದಿನ ಹಂತ ಡಿಫ್ಯೂಸರ್. ಹೇರ್ ಡ್ರೈಯರಿನ ಮೂತಿಗೆ ಸಿಕ್ಕಿಸುವ, ತೂತು ತೂತಾದ ಅಗಲ ಬಟ್ಟಲು. ಗಾಳಿ ಒಂದೇ ಕಡೆ ರಭಸವಾಗಿ ನುಗ್ಗದೆ ಹರಡಿಕೊಂಡು ಬರುತ್ತದೆ. ಅದು ಪೂರ್ತಿ ಒಣಗುವವರೆಗೆ ಕೂದಲಿಗೆ ಬೆರಳು ತಾಗಿಸಬಾರದು. ಈ ನಿಯಮ ಹೊರಬಿದ್ದ ಕೂಡಲೇ ಹಣೆಯಲ್ಲಿ, ಕಿವಿಯ ಹಿಂದೆ, ನೆತ್ತಿಯಲ್ಲಿ ಏಕಕಾಲಕ್ಕೆ ತುರಿಕೆ ಏಳುತ್ತದೆ. ಒಣಗಿದ ಮೇಲೆ ಜೆಲ್ಲು ಪ್ರತಿ ಸುರುಳಿಯ ಸುತ್ತ ಗಟ್ಟಿ ಕವಚ ಕಟ್ಟಿರುತ್ತದೆ. ಅದನ್ನು ಹಗುರಾಗಿ ಹಿಂಡಿ ಮುರಿದರೆ ಒಳಗಿನಿಂದ ಮೆತ್ತನೆಯ ಕೂದಲು ಬಿಡುಗಡೆಯಾಗುತ್ತದೆ. ಆದರೆ ಹಿಂಡುವ ಮುನ್ನವೇ ಮನೆಗೆ ಬಂದ ದೊಡ್ಡಮ್ಮ ಪ್ರೀತಿಯಿಂದ ತಲೆ ಸವರಿದರು. ಕರಕರ ಸದ್ದಾಯಿತು. ಕೈ ಹಿಂದಕ್ಕೆಳೆದು ಅಮ್ಮನ ಕಡೆ ತಿರುಗಿ, "ಹುಡುಗಿ ತಲೆಗೆ ವಾರ್ನಿಷ್ ಹೊಡೆದುಕೊಂಡಿದ್ದಾಳಲ್ಲ, ನೀನು ನೋಡಿಕೊಳ್ಳುವುದಿಲ್ಲವೇ?" ಎಂದು ತರಾಟೆಗೆ ತೆಗೆದುಕೊಂಡರು.

ಮುಟ್ಟುವವರ ವಿಷಯ ಬಂದಿತಾದ್ದರಿಂದ ಹೇಳಿಬಿಡುತ್ತೇನೆ. ನೇರ ಕೂದಲನ್ನು ಅಪರಿಚಿತರು ಎಳೆದು ನೋಡುವುದಿಲ್ಲ. ನಮ್ಮ ಕೂದಲು ಸಾರ್ವಜನಿಕ ಆಸ್ತಿ. ಬಸ್ಸಿನಲ್ಲಿ ಹಿಂದಿನ ಸೀಟಿನ ಮಗು ಒಂದು ಸುರುಳಿ ಹಿಡಿದೆಳೆದು ಬಿಟ್ಟಿತು. ಅದು ಚಂಗನೆ ಸ್ವಸ್ಥಾನಕ್ಕೆ ಮರಳಿತು. ಮಗು ಕೇಕೆ ಹಾಕಿತು. ಮಗುವಿನ ತಾಯಿ ಗದರಿಸುತ್ತಾರೆಂದು ಕಾದೆ. "ಎಲ್ಲಿ, ಇನ್ನೊಂದು ಸಲ?" ಎಂದರು.

ಕತ್ತರಿ ಹಿಡಿದವರು ಇನ್ನೂ ಅಪಾಯಕಾರಿ. ಒದ್ದೆಯಾಗಿದ್ದಾಗ ಗುಂಗುರು ಕೂದಲು ತನ್ನ ನಿಜವಾದ ಉದ್ದವನ್ನು ತೋರಿಸುತ್ತದೆ, ಒಣಗಿದರೆ ಸುರುಳಿ ಎದ್ದು ಗಿಡ್ಡವಾಗುತ್ತದೆ. ಅದಕ್ಕೇ ಬಲ್ಲವರು ಒಣ ಕೂದಲನ್ನೇ, ಸುರುಳಿ ನೋಡಿ ನೋಡಿ ಕತ್ತರಿಸುತ್ತಾರೆ. ಬಲ್ಲವರಲ್ಲದ ಒಬ್ಬಾತ ನೀರು ಚಿಮುಕಿಸಿ, ನೀಟಾಗಿ ಬಾಚಿ, ಭುಜಕ್ಕೆ ಸರಿಯಾಗಿ ಗೆರೆ ಎಳೆದಂತೆ ಕತ್ತರಿಸಿ, ಕನ್ನಡಿ ಹಿಡಿದು ಹಿಂಭಾಗವನ್ನೂ ತೋರಿಸಿದ. ಬಹಳ ಚೆನ್ನಾಗಿತ್ತು. ಮನೆ ಮುಟ್ಟುವಷ್ಟರಲ್ಲಿ ಒಣಗಿ ಕಿವಿಯ ಮೇಲಕ್ಕೆ ಏರಿ ಕುಳಿತಿತ್ತು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುವುದು ಕೂದಲಿನ ಸಹಜ ವೇಗ. ಅದರಲ್ಲೂ ಅರ್ಧ ಸುರುಳಿಯ ಪಾಲು.

ಕೂದಲಿಗೆ ಜಾತಿಪಟ್ಟಿಯೂ ಇದೆ. ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್ಫ್ರೇ ಅವರ ಕೇಶವಿನ್ಯಾಸಕ ಆಂಡ್ರೆ ವಾಕರ್ 1990ರ ದಶಕದಲ್ಲಿ ಮಾಡಿದ ವಿಂಗಡಣೆ ಅದು: 1 ಎಂದರೆ ನೇರ, 2 ಅಲೆ, 3 ಗುಂಗುರು, 4 ಬಿಗಿ ಸುರುಳಿ, ಜೊತೆಗೆ ಎ, ಬಿ, ಸಿ ಎಂಬ ಒಳಪಂಗಡಗಳು. ನನ್ನ ಹಣೆಯ ಬಳಿ 2ಸಿ, ಕಿವಿಯ ಪಕ್ಕ 3ಬಿ, ಕತ್ತಿನ ಹಿಂದೆ ಯಾವ ಪಟ್ಟಿಗೂ ಸೇರದ ಪಕ್ಷೇತರರು.

ಗುರುತಿನ ಚೀಟಿಯ ಫೋಟೋಗೆ ಒಮ್ಮೆಯಾದರೂ ಮನುಷ್ಯರಂತೆ ಕಾಣಲಿ ಎಂದು ತಂಗಿ ಕೂದಲು ನೇರ ಮಾಡುವ ಇಸ್ತ್ರಿ ಯಂತ್ರ ಹಿಡಿದು ಬಂದಳು. ಒಣಗಿದೆಯೋ ಇಲ್ಲವೋ ಎಂದು ನೋಡುವ ತಾಳ್ಮೆ ಅವಳಿಗೆಲ್ಲಿದೆ? ಸುಮಾರು 200 ಡಿಗ್ರಿ ಬಿಸಿಯ ಎರಡು ಫಲಕಗಳ ನಡುವೆ ಅರೆ ಒದ್ದೆ ಕೂದಲು ಸಿಕ್ಕಿ ಚುರ್ರೆಂದಿತು, ಹೊಗೆಯೆದ್ದಿತು. ಹಾಗೆ ಮಾಡಿದರೆ ಒಳಗಿನ ನೀರು ಆವಿಯಾಗಿ ಕೂದಲಿನೊಳಗೇ ಗುಳ್ಳೆಗಳೇಳುತ್ತವೆ. ಅಲ್ಲಿಗೆ ಅದು ಮುರಿಯುತ್ತದೆ. "ಅಕ್ಕ, ಅದು ಬರೀ ಆವಿ" ಎಂದು ಅವಳು ವಾಸನೆಯ ನಡುವೆಯೇ ಧೈರ್ಯ ಹೇಳಿದಳು. ಫೋಟೋ ಏನೋ ಚೆನ್ನಾಗಿಯೇ ಬಂತು. ಆದರೆ ಅಂದಿನಿಂದ ಯಾವ ಕೌಂಟರಿನ ಮುಂದೆ ಆ ಚೀಟಿ ಇಟ್ಟರೂ ಅಧಿಕಾರಿ ಚೀಟಿ ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಮತ್ತೆ ಚೀಟಿ ನೋಡುತ್ತಾರೆ. ಒಬ್ಬರು "ಇವರನ್ನೇ ಕಳಿಸಿ, ಸಹಿಗೆ ಅವರೇ ಬೇಕು" ಎಂದುಬಿಟ್ಟರು.

ಇದೇ ಸುರುಳಿಗಾಗಿ ಮಂದಿ ಸುಟ್ಟುಕೊಂಡಿದ್ದಾರೆ ಎಂಬುದನ್ನು ನೆನೆದು ನಾನು ಸಮಾಧಾನ ಪಡುತ್ತೇನೆ. ಜರ್ಮನಿಯ ಕಾರ್ಲ್ ನೆಸ್ಲರ್ ಎಂಬ ಕೇಶವಿನ್ಯಾಸಕ 20ನೇ ಶತಮಾನದ ಆರಂಭದಲ್ಲಿ ಕಾಯಿಸಿದ ಹಿತ್ತಾಳೆ ಸಲಾಕೆಗಳಿಂದ ನೇರ ಕೂದಲನ್ನು ಶಾಶ್ವತವಾಗಿ ಗುಂಗುರಾಗಿಸುವ ವಿದ್ಯೆಯನ್ನು ಲಂಡನ್ನಿನಲ್ಲಿ ತೋರಿಸಿದ. ಗಂಟೆಗಟ್ಟಲೆ ಕೂರಬೇಕಿತ್ತು. ಆರಂಭದ ಪ್ರಯೋಗಗಳಿಗೆ ತಲೆ ಒಡ್ಡಿದವಳು ಹೆಂಡತಿ. ಕೂದಲು ಸುಟ್ಟು, ನೆತ್ತಿಗೂ ಬಿಸಿ ತಟ್ಟಿತು. ಆಕೆ ಆಮೇಲೂ ಕೂತಳಂತೆ. ಅಂಥ ದಾಂಪತ್ಯದ ಮುಂದೆ ನನ್ನ ತಂಗಿಯ ಚುರ್ರು ಏನು ಮಹಾ!

ಮೊನ್ನೆ ಲಿಫ್ಟಿನಲ್ಲಿ ಗುಂಗುರು ಕೂದಲಿನ ಹುಡುಗಿಯೊಬ್ಬಳು ನನ್ನ ತಲೆಯನ್ನೇ ನೋಡುತ್ತಾ, "ಆಂಟೀ, ಕೂದಲಿಗೆ ಏನು ಹಾಕುತ್ತೀರಿ?" ಎಂದು ಕೇಳಿದಳು. ಬಾಚುವುದಿಲ್ಲವೇ ಎಂದಲ್ಲ, ಏನು ಹಾಕುತ್ತೀರಿ ಎಂದು! ಕಣ್ಣಲ್ಲಿ ನೀರು ಬಂತು. ಬಾಗಿದ ಗೂಡಿನಿಂದಲೇ ಶುರುಮಾಡಿದೆ. ಹೈಡ್ರೋಜನ್ ಬಂಧ ಮುಗಿಸಿ ಸಲ್ಫೇಟಿಗೆ ಬರುವಷ್ಟರಲ್ಲಿ ಮೂರನೆಯ ಮಹಡಿ ಬಂತು. ಅವಳು ಒತ್ತಿದ್ದ ಗುಂಡಿ ಎಂಟನೆಯದು. ಮೂರರಲ್ಲೇ ಇಳಿದು, "ಥ್ಯಾಂಕ್ಸ್ ಆಂಟೀ" ಎನ್ನುತ್ತಾ ಮೆಟ್ಟಿಲುಗಳ ಕಡೆ ಓಡಿದಳು. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಾನು ಕೈ ಅಡ್ಡ ಹಿಡಿದು, ತಲೆ ಹೊರಹಾಕಿ, ಮೆಟ್ಟಿಲುಗಳಿಗೆ ಕೇಳಿಸುವಂತೆ ಕೂಗಿದೆ: "ಟವೆಲು ಮುಟ್ಟಬೇಡ ಕಣಮ್ಮಾ! ಹಳೆಯ ಟೀ ಶರ್ಟು! ಮೇಲೆ ಏನೂ ಬರೆದಿರಬಾರದು!"