ಟೊಮೆಟೊ ಹಾಕಬಾರದ ಚೀಲ

ಕೀನ್ಯಾಗೆ ಹೋಗಿದ್ದ ಅಕ್ಕನ ಮಗಳು ನನಗೊಂದು ಚೀಲ ತಂದುಕೊಟ್ಟಳು. ಅಲ್ಲಿ ಲಾಮು ಅನ್ನೋ ದ್ವೀಪದಲ್ಲಿ ದೋಣಿಗಳ ಮುಕ್ಕೋನದ ಹಾಯಿ ಹಳೆಯದಾದ ಮೇಲೆ ಅದನ್ನು ಕತ್ತರಿಸಿ ಕೈಯಲ್ಲೇ ಹೊಲಿಯುತ್ತಾರಂತೆ. ದಪ್ಪ ಹತ್ತಿ ಬಟ್ಟೆ, ಮಾಸಲು ಬಿಳಿ. ಹಾಯಿ ಯಾವಾಗಲೋ ಹರಿದಾಗ ಹಾಕಿದ ತೇಪೆಯೂ ಒಂದು ಮೂಲೆಯಲ್ಲಿ ಹಾಗೇ ಇದೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಅದನ್ನು ಹೆಗಲಿಗೆ ಹಾಕಿಕೊಂಡು ತರಕಾರಿಗೆ ಹೊರಟೆ ನೋಡಿ, ಒಳಗಿಂದ ಕೂಗು ಬಂತು.

"ಮಾವ, ಅದರಲ್ಲಿ ಟೊಮೆಟೊ ಗಿಮೆಟೊ ತುಂಬ್ಕೊಂಡು ಬರ್ಬೇಡಿ, ಕಲೆ ಆಗುತ್ತೆ!"

ಕೋಲಾರದಲ್ಲಿದ್ದುಕೊಂಡು ಈ ಮಾತು! ಹಿಂದೂ ಮಹಾಸಾಗರದ ಉಪ್ಪುನೀರು, ಬಿಸಿಲು, ಗಾಳಿ ಎಲ್ಲ ತಡೆದುಕೊಂಡು ಬಂದ ಬಟ್ಟೆಗೆ ಒಂದು ಕೆ.ಜಿ. ಟೊಮೆಟೊ ತಡೆಯೋಕಾಗಲ್ವಾ? 2023ರ ಜುಲೈನಲ್ಲಿ ಇದೇ ಊರಿನ ಮಂಡಿಯಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಆಗ ಟೊಮೆಟೊಗೇ ಕಾವಲು ಹಾಕುತ್ತಿದ್ದರು, ಚೀಲ ಯಾರು ಕೇಳಬೇಕು? ಇನ್ನು ಹಾಯಿಗೂ ನಮಗೂ ಏನು ಸಂಬಂಧ ಹೇಳಿ. ವರ್ಷವಿಡೀ ಹರಿಯೋ ನದಿ ಒಂದೂ ಇಲ್ಲದ ಜಿಲ್ಲೆ. 2018ರಿಂದ ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಅದೂ ಎರಡೇ ಹಂತ. ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿ ಅಂತ ಕೇಳಿ ಕೇಳಿ ಜನರ ಗಂಟಲು ಒಣಗಿತು, ಇರಲಿ ಬಿಡಿ, ಆ ವಿಷಯ ತೆಗೆದರೆ ಸುಮ್ನೆ ಬಿ.ಪಿ. ಜಾಸ್ತಿಯಾಗುತ್ತದೆ.

ಚೀಲ ಗೂಟಕ್ಕೆ ನೇತುಹಾಕಿ, ಬಾಗಿಲ ಹಿಂದಿನ ಹಳದಿ ತಾಂಬೂಲದ ಚೀಲ ತೆಗೆದುಕೊಂಡು ಹೋದೆ. ಒಂದು ಕಡೆ ಗಂಡು ಹೆಣ್ಣಿನ ಹೆಸರು, ಛತ್ರದ ವಿಳಾಸ, ಇನ್ನೊಂದು ಕಡೆ ಗಣಪತಿ. ಯಾರ ಮದುವೆಯೋ ಗೊತ್ತಿಲ್ಲ. ನಮ್ಮ ಚಿಕ್ಕಮ್ಮ ಹುಣಸೆಹಣ್ಣು ತುಂಬಿ ಕಳಿಸಿದ್ದ ಚೀಲ ಅದು.

ತರಕಾರಿ ಅಂಗಡಿ ಮುಂದೆ ಪಂಚೆ ಉಟ್ಟ ಯಜಮಾನರೊಬ್ಬರು ನನ್ನನ್ನು ಬಿಟ್ಟು ಚೀಲವನ್ನೇ ನೋಡುತ್ತಾ ನಿಂತರು. ಮುಖ ಅರಳಿತು.

"ನಮ್ಮ ಹುಡುಗನ ಮದುವೆ ಚೀಲ ಅಲ್ವಾ ಇದು! ಬಂದಿದ್ರಾ ನೀವು?"

ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. "ಹ್ಞೂಂ" ಅಂದೆ.

"ಹೆಣ್ಣಿನ ಕಡೆಯೋರಾ?"

"ಹಾಗೇ ಅಂದ್ಕೊಳ್ಳಿ."

ಅಷ್ಟು ಸಾಕಾಯ್ತು. ಛತ್ರದವರು ಕರೆಂಟ್ ಬಿಲ್ಲಿನಲ್ಲಿ ಮಾಡಿದ ಮೋಸ, ವಾಲಗದವರು ತಡವಾಗಿ ಬಂದಿದ್ದು, ಎಲ್ಲ ಬಂತು. ನಾನು ತಲೆಯಾಡಿಸುತ್ತಾ ಟೊಮೆಟೊ ಆರಿಸಿದೆ. ಅಂಗಡಿಯಾಕೆ ತಕ್ಕಡಿ ಹಿಡಿದುಕೊಂಡೇ ಮದುವೆ ಕಥೆ ಕೇಳುತ್ತಿದ್ದಳು. ಕೊನೆಗೆ ಅವರು ದನಿ ತಗ್ಗಿಸಿದರು.

"ನಿಜ ಹೇಳಿ ಸ್ವಾಮಿ, ಕೊನೇ ಪಂಕ್ತಿಗೆ ಹೋಳಿಗೆ ಮೇಲೆ ತುಪ್ಪ ಹಾಕ್ಲಿಲ್ಲ ಅಂತ ನಿಮ್ಮ ಕಡೆಯೋರು ಈಗಲೂ ಆಡ್ಕೋತಾರಂತಲ್ಲ?"

"ನನಗೆ ಹಾಕಿದ್ರಪ್ಪ" ಅಂದೆ.

ಅವರು ನನ್ನ ಕೈ ಹಿಡಿದುಕೊಂಡುಬಿಟ್ಟರು. ಭಾನುವಾರ ಮೊಮ್ಮಗಳ ನಾಮಕರಣವಂತೆ, ಮನೆಯವರನ್ನೆಲ್ಲ ಕರೆದುಕೊಂಡು ಬರಲೇಬೇಕಂತೆ. ತುಪ್ಪದ ಜವಾಬ್ದಾರಿ ಈ ಸಲ ಅವರದ್ದೇ.