ನೆಲಕ್ಕೆ ಹೊಡೆಯದ ಊರಿನಲ್ಲಿ

ಮಗಳನ್ನು ಸ್ಕೇಟಿಂಗ್ ಕ್ಲಾಸಿಗೆ ಸೇರಿಸಿದ ಮೊದಲ ದಿನ ಟೀಚರು ಇಪ್ಪತ್ತು ನಿಮಿಷ ಹೇಳಿಕೊಟ್ಟದ್ದು ಬೀಳುವುದನ್ನು. ಹೆಲ್ಮೆಟ್ಟು, ಬಟ್ಟೆಯ ಕೈಗವಸು ಹಾಕಿಕೊಂಡ ಹತ್ತು ಮಕ್ಕಳು ಐಸಿನ ಮೇಲೆ ಸಾಲಾಗಿ ನಿಂತಿದ್ದರು. ಮಂಡಿ ಮಡಚು, ಒಂದು ಪಕ್ಕಕ್ಕೆ ವಾಲು, ಕುಂಡೆ ಊರು. ಬಿದ್ದ ಕೂಡಲೇ ಬೆರಳುಗಳನ್ನು ಮುಷ್ಟಿ ಮಾಡಿಕೋ, ಹಿಂದಿನಿಂದ ಬರುವವರ ಬ್ಲೇಡು ಮೇಲೆ ಹೋದೀತು. ಆಮೇಲೆ ಒಂದು ಕಾಲು ಊರಿ, ಮಂಡಿಯ ಮೇಲೆ ಕೈಯಿಟ್ಟು ಏಳು. ಇನ್ನೊಂದು ಸಲ. ಮತ್ತೊಂದು ಸಲ. ಗಾಜಿನಾಚೆ ನಿಂತಿದ್ದ ಅಪ್ಪ ಅಮ್ಮಂದಿರಲ್ಲಿ 'ಅಯ್ಯೋ' ಎಂದದ್ದು ನಾನೊಬ್ಬನೇ.

ಆ ವಿಡಿಯೊವನ್ನು ಪುತ್ತೂರಿನಲ್ಲಿರುವ ಅಮ್ಮನಿಗೆ ಕಳಿಸಿದೆ. ಐದು ನಿಮಿಷದಲ್ಲಿ ಫೋನು ಬಂತು. "ಮಗು ಅಷ್ಟು ಸಲ ಬಿದ್ದರೂ ಅವರು ಎತ್ತಲಿಲ್ಲ, ಎಂತದ್ದು ಅದು? ಆ ನೆಲಕ್ಕೆ ಎರಡು ಬಿಡಬೇಕು!"

ನಗು ಬಂತು, ಯಾಕೆಂದರೆ ನಾನು ಬೆಳೆದದ್ದೂ ಹಾಗೆಯೇ. ಜಗಲಿಯಲ್ಲಿ ಎಡವಿ ಬಿದ್ದರೆ ಅಜ್ಜಿ ಓಡಿ ಬಂದು ಎತ್ತಿಕೊಂಡು ನೆಲಕ್ಕೆ ಪಟಪಟನೆ ಹೊಡೆಯುತ್ತಿದ್ದರು. ತಪ್ಪು ನೆಲದ್ದು, ಮಗುವಿನದ್ದಲ್ಲ. ಜಪಾನಿನ ತಾಯಂದಿರು ಪೆಟ್ಟಾದ ಜಾಗವನ್ನು ಸವರಿ 'ನೋವೇ ನೋವೇ, ಹಾರಿಹೋಗು' ಎಂದು ಕೈ ಬೀಸುತ್ತಾರೆ. ಯಾರ ಮೇಲೂ ದೂರಿಲ್ಲ, ನೋವನ್ನು ಮಾತ್ರ ಅತ್ತ ಕಳಿಸುವುದು. ಹನ್ನೆರಡು ವರ್ಷಕ್ಕೂ ಮಿಕ್ಕಿ ಜಪಾನಿನ ನಗೋಯಾದಲ್ಲಿ ಕಳೆದ ನನಗೆ ಈ ಎರಡರ ನಡುವಿನ ಅಂತರ ಸಣ್ಣದಲ್ಲ ಅಂತ ಈಗೀಗ ಅನಿಸುತ್ತಿದೆ. ಹಾಗೆ ಅನಿಸಲು ಕಾರಣ ಇದೇ ಊರಿನ ಒಬ್ಬಳು ಹುಡುಗಿ, ಫಿಗರ್ ಸ್ಕೇಟಿಂಗಿನವಳು.

ಅವಳ ಹೆಸರು ಮಾವೊ ಅಸಾದಾ. ಅಮ್ಮನಿಗೆ ಮೊದಲ ಸಲ ಹೇಳಿದಾಗ "ಯಾವ ಮಾವ?" ಎಂದು ಕೇಳಿದ್ದರು. ಮಾವ ಅಲ್ಲಮ್ಮ, ಮಾವೊ. ಇಡೀ ಜಪಾನು ಅವಳನ್ನು ಕರೆಯುತ್ತಿದ್ದದ್ದು ಮಾವೊ-ಚಾನ್ ಎಂದು. ಚಾನ್ ಅಂದರೆ ಮನೆಯ ಮಗುವಿಗೆ ಹಚ್ಚುವ ಬಾಲ, ನಮ್ಮ 'ಪುಟ್ಟಿ' ಇದ್ದ ಹಾಗೆ. 26 ವರ್ಷಕ್ಕೆ ನಿವೃತ್ತಳಾಗುವಾಗಲೂ ಅವಳು ಪುಟ್ಟಿಯೇ.

ನಗೋಯಾದ ನಡುವೆ ಓಸು ಎಂಬ ಜಾಗ ಉಂಟು. ಕನ್ನೋನ್ ಎಂಬ ಬೌದ್ಧ ದೇವತೆಯ ಒಂದು ಹಳೆಯ ದೇವಸ್ಥಾನ, ಅದರ ಸುತ್ತ ಸೂರು ಹಾಕಿದ ಪೇಟೆ, ಹಳೆ ಬಟ್ಟೆ, ಕರಿದ ತಿಂಡಿ, ಎಲೆಕ್ಟ್ರಾನಿಕ್ಸ್ ಅಂಗಡಿ. ಅಲ್ಲೇ ಪಕ್ಕದಲ್ಲಿ ಹಳೆಯದೊಂದು ಸ್ಕೇಟಿಂಗ್ ರಿಂಕು. ಸ್ಪರ್ಧೆಯಲ್ಲಿ ಟ್ರಿಪಲ್ ಆಕ್ಸೆಲ್ ಎಂಬ ಜಿಗಿತ ಹಾರಿದ ಜಗತ್ತಿನ ಮೊದಲ ಹೆಂಗಸು ಮಿದೋರಿ ಇತೊ ಈ ಊರಿನವಳು. 1988ರಲ್ಲಿ ಅದನ್ನು ಹಾರಿದಳು, 1992ರ ಒಲಿಂಪಿಕ್ಸಿನಲ್ಲಿ ಬೆಳ್ಳಿ ತಂದಳು. ಅವಳನ್ನು ತಯಾರು ಮಾಡಿದ ಮಚಿಕೊ ಯಮಾದಾ ಅವರ ಹತ್ತಿರವೇ ಚಿಕ್ಕ ಮಾವೊ ಕೂಡ ಕಲಿತಳು.

ಈ ಆಕ್ಸೆಲ್ ಏನೆಂದು ಹೇಳದಿದ್ದರೆ ಮುಂದಿನದ್ದು ಅರ್ಥವಾಗದು. ಫಿಗರ್ ಸ್ಕೇಟಿಂಗಿನಲ್ಲಿ ಆರು ಬಗೆಯ ಜಿಗಿತ. ಐದನ್ನು ಬೆನ್ನು ಮುಂದೆ ಮಾಡಿ ಜಾರುತ್ತ ಹಾರುತ್ತಾರೆ. ಆಕ್ಸೆಲ್ ಒಂದನ್ನು ಮಾತ್ರ ಎದುರು ಮುಖವಾಗಿ. ಇಳಿಯುವುದು ಎಲ್ಲವೂ ಹಿಮ್ಮುಖವಾಗಿಯೇ, ಹಾಗಾಗಿ ಇದಕ್ಕೆ ಅರ್ಧ ಸುತ್ತು ಹೆಚ್ಚು. ಟ್ರಿಪಲ್ ಆಕ್ಸೆಲ್ ಎಂದರೆ ಮೂರೂವರೆ ಸುತ್ತು, ಅದೂ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ. ಯಕ್ಷಗಾನದ ಪುಂಡುವೇಷದವರ ದಿಗಿಣ ನೋಡಿ ಬೆಳೆದವನಿಗೆ ಗಾಳಿಯಲ್ಲಿ ತಿರುಗುವ ಮೈ ಹೊಸದಲ್ಲ. ಆದರೆ ದಿಗಿಣದವನಿಗೆ ಕಾಲ ಕೆಳಗೆ ರಂಗಸ್ಥಳದ ನೆಲ ಉಂಟು. ಇವಳಿಗೆ ಕತ್ತಿಯಲಗು, ಅದರ ಕೆಳಗೆ ಜಾರುವ ಐಸು.

2005ರ ಡಿಸೆಂಬರಿನಲ್ಲಿ ಹದಿನೈದು ವರ್ಷದ ಮಾವೊ ಟೋಕಿಯೊದಲ್ಲಿ ಗ್ರ್ಯಾನ್‌ಪ್ರೀ ಫೈನಲ್ ಎಂಬ ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆ ಗೆದ್ದಳು, ಅದೂ ಆಗಿನ ವಿಶ್ವ ಚಾಂಪಿಯನ್, ರಷ್ಯಾದ ಇರಿನಾ ಸ್ಲುತ್ಸ್ಕಾಯಾಳನ್ನು ಹಿಂದೆ ಹಾಕಿ. ಎರಡು ತಿಂಗಳಲ್ಲಿ ಒಲಿಂಪಿಕ್ಸು. ಆದರೆ ಹಿಂದಿನ ಜುಲೈ ಒಂದರ ಒಳಗೆ ಹದಿನೈದು ತುಂಬಿರಬೇಕೆಂಬುದು ಆಗಿನ ನಿಯಮ, ಇವಳು ಹುಟ್ಟಿದ್ದು ಸೆಪ್ಟೆಂಬರ್ 25ಕ್ಕೆ. 87 ದಿನ ಕಮ್ಮಿ. ಅವಳು ಮನೆಯಲ್ಲಿ ಉಳಿದಳು, ಟೂರಿನ್‌ನಲ್ಲಿ ಶಿಜುಕಾ ಅರಾಕಾವಾ ಜಪಾನಿಗೆ ಫಿಗರ್ ಸ್ಕೇಟಿಂಗಿನ ಮೊದಲ ಒಲಿಂಪಿಕ್ ಚಿನ್ನ ತಂದಳು. ನಮ್ಮಲ್ಲಾದರೆ ಯಾರಾದರೊಬ್ಬರು ಜನನ ಪ್ರಮಾಣಪತ್ರ ತಿದ್ದಿಸುವ ಬಗ್ಗೆ ಮಾತೆತ್ತುತ್ತಿದ್ದರು ಎಂದು ಆಫೀಸಿನಲ್ಲಿ ತಮಾಷೆಗೆ ಹೇಳಿದೆ. ಯಾರೂ ನಗಲಿಲ್ಲ. ಅದು ತಮಾಷೆ ಎಂದು ವಿವರಿಸಬೇಕಾಯಿತು, ಇಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

2008ರ ವಿಶ್ವ ಚಾಂಪಿಯನ್‌ಷಿಪ್ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ. ಕೊನೆಯ ದಿನದ ಶುರುವಿಗೇ ಟ್ರಿಪಲ್ ಆಕ್ಸೆಲ್ಲಿಗೆ ಹೆಜ್ಜೆ ಇಡುವಾಗ ಕಾಲು ಜಾರಿ, ಹಾರುವ ಮೊದಲೇ ಬಿದ್ದು, ಐಸಿನ ಮೇಲೆ ಉದ್ದಕ್ಕೆ ಜಾರಿಕೊಂಡು ಹೋದಳು. ಎದ್ದು ಉಳಿದದ್ದನ್ನೆಲ್ಲ ಒಪ್ಪವಾಗಿ ಮುಗಿಸಿ ಚಾಂಪಿಯನ್ ಆದಳು. ನಮ್ಮಲ್ಲಿ ಒಂದು ಗಾದೆ ಉಂಟಲ್ಲ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ. ಅದು ಬಿದ್ದದ್ದನ್ನು ಒಪ್ಪಿಕೊಳ್ಳದವನನ್ನು ಗೇಲಿ ಮಾಡುವ ಮಾತು. ಈ ಹುಡುಗಿಯ ಮೈಗೆಲ್ಲ ಐಸು ಮೆತ್ತಿತ್ತು. ಅದನ್ನು ಮುಚ್ಚಿಡುವ ಗೊಡವೆಗೆ ಅವಳು ಹೋಗಲಿಲ್ಲ, ಮುಂದಿನ ಜಿಗಿತಕ್ಕೆ ಹೋದಳು.

ವ್ಯಾಂಕೂವರಿನ 2010ರ ಒಲಿಂಪಿಕ್ಸಿನಲ್ಲಿ ಒಂದೇ ಸ್ಪರ್ಧೆಯಲ್ಲಿ ಮೂರು ಟ್ರಿಪಲ್ ಆಕ್ಸೆಲ್ ಹಾರಿದಳು, ಗಿನ್ನೆಸ್ ದಾಖಲೆಗೆ ಸೇರಿದ ಸಾಧನೆ. ಆದರೂ ಬೆಳ್ಳಿ. ಕೊರಿಯಾದ ಕಿಮ್ ಯುನಾಗೆ 228.56, ಇವಳಿಗೆ 205.50. ಲೆಕ್ಕ ಸರಳ. ಆಗಿನ ನಿಯಮದಲ್ಲಿ ಒಂದು ಟ್ರಿಪಲ್ ಆಕ್ಸೆಲ್ಲಿನ ಮೂಲ ಅಂಕ 8.2. ಕಿಮ್ ಒಂದರ ಬೆನ್ನಿಗೆ ಒಂದು ಹಾರುತ್ತಿದ್ದ ಲುಟ್ಜ್, ಟೋ-ಲೂಪ್ ಎಂಬ ಎರಡು ಟ್ರಿಪಲ್ ಜಿಗಿತಗಳ ಜೋಡಿಗೆ 10. ಅದರ ಮೇಲೆ ಚಂದಕ್ಕೆ, ಓಟಕ್ಕೆ, ಹಾಡಿಗೆ ಹೊಂದುವುದಕ್ಕೆ ಬೇರೆ ಅಂಕ. ಊರಲ್ಲಿ ಚೌಕಿಯ ಪಕ್ಕ ಕೂತು ಹಳೆಯ ಯಕ್ಷಗಾನ ಪ್ರೇಮಿಗಳು ಜಗಳಾಡುವುದು ಇದಕ್ಕೇ: ಅಭಿಮನ್ಯು ನೂರು ದಿಗಿಣ ಹಾಕಿದರೆ ಆಯಿತಾ, ಚಕ್ರವ್ಯೂಹದಲ್ಲಿ ಸಿಕ್ಕಿಬಿದ್ದ ಹುಡುಗನ ಸಂಕಟ ಕಾಣಬೇಡವಾ? ನನ್ನನ್ನು ಕೇಳಿದರೆ ಆ ರಾತ್ರಿ ಕಿಮ್ ಗೆದ್ದದ್ದು ಸರಿ. ಮಾವೊ ಆಕ್ಸೆಲ್ಲಿಗೆ ಜೋತುಬಿದ್ದದ್ದರಲ್ಲಿ ಹಟವೂ ಇತ್ತು. ಇದನ್ನು ನಗೋಯಾದಲ್ಲಿ ಗಟ್ಟಿಯಾಗಿ ಹೇಳುವುದಿಲ್ಲ, ಕನ್ನಡದಲ್ಲಿ ಬರೆದರೆ ತೊಂದರೆಯಿಲ್ಲ.

ನನಗೆ ಇನ್ನೂ ಬೆರಗಾಗುವುದು ಆಮೇಲೆ ಅವಳು ಮಾಡಿದ ಕೆಲಸ. ಒಲಿಂಪಿಕ್ ಬೆಳ್ಳಿ ಬಂದಿದೆ, ಮರುತಿಂಗಳು ಎರಡನೇ ವಿಶ್ವ ಪಟ್ಟವೂ ಬಂದಿದೆ, ವಯಸ್ಸು ಹತ್ತೊಂಬತ್ತು. ಆಗ ಅವಳು ಹಿರಿಯ ಕೋಚ್ ನೊಬುವೊ ಸಾತೊ ಅವರ ಹತ್ತಿರ ಹೋಗಿ ಜಿಗಿತಗಳನ್ನೆಲ್ಲ ಬುಡದಿಂದ ಬಿಚ್ಚಿ ಕಟ್ಟಲು ಕುಳಿತಳು. ಆ ವರ್ಷ ಜಪಾನಿನದೇ ಸ್ಪರ್ಧೆಯಾದ ಎನ್‌ಎಚ್‌ಕೆ ಟ್ರೋಫಿಯಲ್ಲಿ ಎಂಟನೆಯ ಸ್ಥಾನ, ಪ್ಯಾರಿಸಿನ ಸ್ಪರ್ಧೆಯಲ್ಲಿ ಐದನೆಯದು. ನೂರಾರು ಪ್ರದರ್ಶನ ಕೊಟ್ಟ, ಊರೂರಲ್ಲಿ ಸನ್ಮಾನದ ಶಾಲು ಹೊದ್ದ ನಮ್ಮ ಕಲಾವಿದರೊಬ್ಬರು ಮತ್ತೆ ಹೆಜ್ಜೆ ಕಲಿಯಲು ಗುರುವಿನ ಮುಂದೆ ನಿಂತು, ಅದರಿಂದ ಎರಡು ವರ್ಷ ಕುಣಿತ ಕೆಟ್ಟರೂ ಸಹಿಸುವುದನ್ನು ಊಹಿಸಿ. ಅವರು ತಯಾರಿದ್ದರೂ ನಾವು ಬಿಡುತ್ತೇವಾ? 'ಮೊದಲಿನ ಹಾಗಿಲ್ಲ' ಎಂದು ಆಟದ ಅರ್ಧಕ್ಕೆ ಎದ್ದು ಬರುವವರಲ್ಲಿ ನಾನೂ ಒಬ್ಬ.

2011ರ ಡಿಸೆಂಬರಿನಲ್ಲಿ ಅವಳ ತಾಯಿ ತೀರಿಹೋದರು. ಸ್ಪರ್ಧೆಗೆಂದು ಕೆನಡಾಕ್ಕೆ ಹೋಗಿದ್ದವಳು ಸುದ್ದಿ ಕೇಳಿ ವಾಪಸು ಹೊರಟರೂ ಕೊನೆಯ ಹೊತ್ತಿಗೆ ಮುಟ್ಟಲಾಗಲಿಲ್ಲ. ಎರಡು ವಾರ ಕಳೆದು ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿಗೆ ಇಳಿದು ಗೆದ್ದಳು. ನಮ್ಮಲ್ಲಾದರೆ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದು ಅಂಗಳದ ಚಪ್ಪರ ಬಿಚ್ಚುವ ದಿನಗಳು. ಇದನ್ನು ಬರೀ ಜಪಾನಿನ ಗಟ್ಟಿತನ ಎನ್ನಲು ನಾನು ತಯಾರಿಲ್ಲ. 2006ರಲ್ಲಿ ದೆಹಲಿಯಲ್ಲಿ ಕರ್ನಾಟಕದ ವಿರುದ್ಧ ರಣಜಿ ಪಂದ್ಯದ ನಡುವೆ ಅಪ್ಪನನ್ನು ಕಳಕೊಂಡ ವಿರಾಟ್ ಕೊಹ್ಲಿ ಅಂಗಳಕ್ಕೆ ಬಂದು 90 ಹೊಡೆದದ್ದನ್ನು ನಮ್ಮ ಹುಡುಗರೇ ಎದುರು ನಿಂತು ನೋಡಿದ್ದಾರೆ.

ಈಗ ರಷ್ಯಾದ ಸೋಚಿಯ ಒಲಿಂಪಿಕ್ಸು. 2014ರ ಫೆಬ್ರವರಿ. ಕಂಪನಿಯ ಡಾರ್ಮಿಟರಿಯ ಟಿವಿ ಮುಂದೆ ನಾವು ಏಳೆಂಟು ಜನ. ಮೊದಲ ದಿನದ ಚಿಕ್ಕ ಸುತ್ತು, ಅಂದರೆ ಶಾರ್ಟ್ ಪ್ರೋಗ್ರಾಮಿನಲ್ಲಿ ಅವಳು ಆಕ್ಸೆಲ್ಲಿಗೆ ಬಿದ್ದಳು, ಆಮೇಲೆ ಜೋಡಿ ಜಿಗಿತವೂ ಕೈಕೊಟ್ಟಿತು. 55.51 ಅಂಕ, ಹದಿನಾರನೆಯ ಸ್ಥಾನ. ಮರುದಿನ ಮಾಜಿ ಪ್ರಧಾನಿ ಯೊಶಿರೊ ಮೊರಿ ಒಂದು ಭಾಷಣದಲ್ಲಿ, ಆ ಹುಡುಗಿ ಮುಖ್ಯವಾದ ಹೊತ್ತಿನಲ್ಲಿ ತಪ್ಪದೆ ಬೀಳುತ್ತಾಳೆ ಎಂದರು. ಎಡವಿದ ಬೆರಳೇ ಎಡವುವುದು ಎಂಬ ನಮ್ಮ ಕಟ್ಟೆಪುರಾಣದ ಮಾತೇ, ಜಪಾನಿಯಲ್ಲಿ. ಬಿದ್ದ ಆನೆಗೆ ಆಳಿಗೊಂದು ಕಲ್ಲು ಎಸೆಯುವ ಚಾಳಿ ಇಲ್ಲಿಯೂ ಉಂಟು, ಎಸೆದವರು ಹುದ್ದೆಯಲ್ಲಿ ದೊಡ್ಡವರು ಅಷ್ಟೇ. ಪದಕ ತಪ್ಪಿದವರು ಕ್ಯಾಮೆರಾ ಮುಂದೆ ಸೊಂಟ ಬಾಗಿಸಿ ದೇಶದ ಕ್ಷಮೆ ಕೇಳುವ ರೂಢಿಯಂತೂ ನನಗೆ ಇವತ್ತಿಗೂ ಒಗ್ಗಿಲ್ಲ. ಯಾರ ಹಣ ನುಂಗಿದ್ದಾರೆಂದು ಕ್ಷಮೆ? ಆ ವಿಷಯದಲ್ಲಿ ನಮ್ಮ 'ಹೋಗಲಿ ಬಿಡು, ಊಟ ಮಾಡು' ಎಷ್ಟೋ ಮೇಲು.

ಅದೇ ರಾತ್ರಿ ಫ್ರೀ ಸ್ಕೇಟಿಂಗ್, ಅಂದರೆ ಎರಡನೆಯ ದೊಡ್ಡ ಸುತ್ತು. ಹದಿನಾರನೆಯವಳಾದ್ದರಿಂದ ಪದಕದವರ ಗುಂಪಿಗೆ ಎಷ್ಟೋ ಮೊದಲೇ ಅವಳ ಸರದಿ. ನಮಗೆ ಆಗ ನಡುರಾತ್ರಿ ದಾಟಿತ್ತು, ಬೆಳಗ್ಗೆ ಎಲ್ಲರಿಗೂ ಶಿಫ್ಟು. ನೀಲಿ ಉಡುಪು, ಪಿಯಾನೊ. ಮೊದಲನೆಯದೇ ಟ್ರಿಪಲ್ ಆಕ್ಸೆಲ್. ನಿಂತಳು. ನನ್ನ ಪಕ್ಕ ಇದ್ದ ಲೈನ್ ಲೀಡರು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಒಂದೊಂದು ಜಿಗಿತ ಇಳಿದಾಗಲೂ ಒಂದೊಂದು ಬೆರಳು ಮಡಚುತ್ತಿದ್ದರು. ಆರೂ ಬಗೆ ಸೇರಿ ಎಂಟು ಟ್ರಿಪಲ್ ಜಿಗಿತ, ಒಂದಕ್ಕೂ ಬೀಳಲಿಲ್ಲ. ಒಂದೆರಡಕ್ಕೆ ತೀರ್ಪುಗಾರರು ಸುತ್ತು ಸಾಲದೆಂದು ಅಂಕ ಕಡಿದರು, ಅದು ಬೇರೆ ಮಾತು. ಸಂಗೀತ ನಿಂತಾಗ ಮೇಲೆ ನೋಡಿದಳು, ಮುಖ ಕುಗ್ಗಿತು, ಅತ್ತಳು, ಕೂಡಲೇ ನಗುತ್ತ ನಮಸ್ಕರಿಸಿದಳು. ಲೀಡರು ಕೈಚೀಲದಿಂದ ಪುಟ್ಟ ಟವೆಲು ತೆಗೆದು ಬೆವರು ಒರೆಸುವವರ ಹಾಗೆ ಕಣ್ಣೊರೆಸಿಕೊಂಡರು. ಫೆಬ್ರವರಿಯಲ್ಲಿ ಎಂಥ ಬೆವರು!

142.71, ಅಲ್ಲಿಯವರೆಗಿನ ಅವಳ ಅತಿ ಹೆಚ್ಚಿನ ಅಂಕ. ಒಟ್ಟಾರೆ ಆರನೆಯ ಸ್ಥಾನ.

ಬೆಳಗ್ಗೆ ಕಾರ್ಖಾನೆಯಲ್ಲಿ ಎಲ್ಲರ ಕಣ್ಣೂ ಕೆಂಪು. ಒಬ್ಬರಾದರೂ 'ಆರು' ಎಂಬ ಸಂಖ್ಯೆ ಬಾಯಲ್ಲಿ ತರಲಿಲ್ಲ. 'ಒಳ್ಳೆಯದಾಯಿತು' ಎಂದರು, ಅಷ್ಟೇ. ಸಂಜೆ ಅಮ್ಮನಿಗೆ ಇದನ್ನೆಲ್ಲ ವರ್ಣಿಸಿದೆ. "ಎಷ್ಟನೆಯವಳು ಬಂದಳು?" ಎಂದರು. ಆರನೆಯವಳು. "ಆರನೆಯದ್ದಕ್ಕೆ ಊರಿಡೀ ಅಳುವುದಾ ಮಾರಾಯಾ?"

ಅಮ್ಮನನ್ನು ದೂರುವ ಹಾಗಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಮ್ಮ ಮನೆಗೆ ಬಂದ ಹದಿನೈದು ಜನರಲ್ಲಿ ಹದಿನೈದೂ ಜನ ಕೇಳಿದ್ದು 'ಎಷ್ಟು ಬಂತು' ಎಂದೇ. ಗಣಿತದಲ್ಲಿ ಮೂರು ತಿಂಗಳು ಬಿದ್ದು ಎದ್ದು ನಾನು ಪಾಸಾದ ಕಥೆ ಯಾರಿಗೂ ಬೇಕಿರಲಿಲ್ಲ. ನೆಲಕ್ಕೆ ಹೊಡೆದು ಸಮಾಧಾನ ಮಾಡುವ ನಾವು ಮಗು ಹತ್ತು ವರ್ಷ ದಾಟಿದ ಕೂಡಲೇ ನೆಲವನ್ನು ಬಿಟ್ಟು ಮಗುವಿಗೇ ಹೊಡೆಯುತ್ತೇವೆ. ನಡುವೆ ಬೀಳುವುದು ಹೇಗೆಂದು ಹೇಳಿಕೊಡುವ ಒಂದು ಕ್ಲಾಸು ಬಿಟ್ಟುಹೋಗಿದೆ. ಇಲ್ಲಿಯವರದ್ದು ಏಳು ಸಲ ಬಿದ್ದು ಎಂಟು ಸಲ ಏಳುವ ಗಾದೆ. ಕನ್ನಡಕ್ಕೆ ತರಲು ಹೋದರೆ ಬೀಳುವ ಲೆಕ್ಕವೂ ಏಳು, ಎದ್ದು ನಿಲ್ಲುವ ಅಪ್ಪಣೆಯೂ ಏಳು. ಇಷ್ಟು ಅನುಕೂಲದ ಭಾಷೆ ಇಟ್ಟುಕೊಂಡು ನಾವು ಆ ಗಾದೆ ಮಾಡಲಿಲ್ಲವಲ್ಲ!

ಜಪಾನಿಗೆ ಮರಳಿದ ಮಾವೊಳನ್ನು ವಿದೇಶಿ ಪತ್ರಕರ್ತರ ಕ್ಲಬ್ಬಿನಲ್ಲಿ ಮೊರಿಯವರ ಮಾತಿನ ಬಗ್ಗೆ ಕೇಳಿದರು. ಮನುಷ್ಯ ಅಂದ ಮೇಲೆ ತಪ್ಪುತ್ತಾನೆ, ಅವರೂ ಈಗ ಸ್ವಲ್ಪ ಪಶ್ಚಾತ್ತಾಪ ಪಡುತ್ತಿರಬಹುದು ಎಂಬರ್ಥದ ಮಾತು ಹೇಳಿ ನಕ್ಕಳು. ಮರುತಿಂಗಳು ಸೈತಾಮಾದಲ್ಲಿ ಶಾರ್ಟ್ ಪ್ರೋಗ್ರಾಮಿಗೆ 78.66 ತೆಗೆದು ಆಗಿನ ವಿಶ್ವದಾಖಲೆ ಮಾಡಿ ಮೂರನೆಯ ಬಾರಿ ವಿಶ್ವ ಚಾಂಪಿಯನ್ ಆದಳು. ಸೋಜಿಗವೆಂದರೆ ನನ್ನ ಆಫೀಸಿನಲ್ಲಿ ಆ ಚಿನ್ನದ ಮಾತು ಬರುವುದೇ ಇಲ್ಲ, ಬರುವುದು ಆರನೆಯ ಸ್ಥಾನದ್ದು.

ಒಂದು ವರ್ಷ ಬಿಡುವು, ಮತ್ತೆ ಮರಳುವಿಕೆ, ಮಂಡಿಯ ನೋವು. 2016ರ ಕೊನೆಯಲ್ಲಿ ರಾಷ್ಟ್ರೀಯ ಸ್ಪರ್ಧೆಯಲ್ಲಿ ಹನ್ನೆರಡನೆಯವಳಾದಳು. 2017ರ ಏಪ್ರಿಲಿನಲ್ಲಿ ನಿವೃತ್ತಿ. ಪತ್ರಿಕಾಗೋಷ್ಠಿಯ ಕೊನೆಗೆ ಕಣ್ಣೀರು ಬಂದಾಗ ಕ್ಯಾಮೆರಾಗಳಿಗೆ ಬೆನ್ನು ತಿರುಗಿಸಿ ನಿಂತು, ಒರೆಸಿಕೊಂಡು, ನಗುಮುಖ ಮಾಡಿ ಇತ್ತ ತಿರುಗಿದಳು. ಮತ್ತೆ ಹುಟ್ಟಿದರೆ ಸ್ಕೇಟಿಂಗ್ ಮಾಡುತ್ತೀರಾ ಎಂದು ಯಾರೋ ಕೇಳಿದರು. ಇಲ್ಲ, ಮಾಡಬೇಕಾದದ್ದೆಲ್ಲ ಮಾಡಿ ಮುಗಿಸಿದ್ದೇನೆ, ಇನ್ನೊಂದು ಜನ್ಮವಿದ್ದರೆ ಈ ದಾರಿಗೆ ಬರಲಾರೆ ಎಂದಳು. ತಿನ್ನುವುದೆಂದರೆ ಇಷ್ಟ, ಕೇಕ್ ಅಂಗಡಿಯೋ ಕೆಫೆಯೋ ಆಗಬಹುದು ಎಂದೂ ಸೇರಿಸಿದಳು.

ನನಗೆ ಕಸಿವಿಸಿಯಾಯಿತು. ಮುಂದಿನ ಜನ್ಮದಲ್ಲೂ ಕಲಾವಿದನಾಗಿಯೇ ಹುಟ್ಟಬೇಕು ಎಂಬ ಸನ್ಮಾನದ ಮಾತು ಕೇಳಿ ಚಪ್ಪಾಳೆ ತಟ್ಟಿ ಬೆಳೆದವನು ನಾನು. ಇದನ್ನೂ ಅಮ್ಮನಿಗೆ ಹೇಳಿದೆ, ಈ ಸಲವಾದರೂ ನನ್ನ ಪಕ್ಷ ಹಿಡಿದಾರೆಂದು.

"ಸರಿಯಾಗಿಯೇ ಹೇಳಿದ್ದಾಳಲ್ಲ," ಎಂದರು ಅಮ್ಮ. "ನಾನೂ ನಲವತ್ತು ವರ್ಷ ಒಲೆಯ ಮುಂದೆ ನಿಂತವಳು. ಮುಂದಿನ ಜನ್ಮಕ್ಕೂ ಅದನ್ನೇ ಕೇಳಿಕೊಳ್ಳುತ್ತೇನಾ?"

2024ರ ನವೆಂಬರಿನಲ್ಲಿ ಟೋಕಿಯೊ ಹತ್ತಿರದ ತಾಚಿಕಾವಾದಲ್ಲಿ ಮಾವೊ ಹೆಸರಿನ ರಿಂಕು ತೆರೆದಿದೆ. ಒಮ್ಮೆ ಅಲ್ಲಿಗೆ ಕರಕೊಂಡು ಹೋಗೆಂದು ಮಗಳ ವರಾತ. ಅಮ್ಮ ಫೋನಿನಲ್ಲಿ ಅದನ್ನು ಕೇಳಿಸಿಕೊಂಡು, ಕೇಕ್ ಅಂಗಡಿ ಎಲ್ಲಿ ಹಾಕಿದ್ದಾಳೆ ಅಂತ ವಿಚಾರಿಸಿದರು.