ಮಿನಿಮಪ್ಪನ 65 ನಿಮಿಷ

"ಅಂಕಲ್, ಎರಡು ವಿಮಾನದ ಮಧ್ಯದಲ್ಲಿ 65 ನಿಮಿಷ ಇದೆ. ಆರಾಮಾಗಿ ಸಿಗುತ್ತೆ. ಸಿಸ್ಟಮ್ಮೇ ತೋರಿಸ್ತಿದೆ ಅಂದ್ರೆ ಅದು ಲೀಗಲ್ ಕನೆಕ್ಷನ್," ಅಂದ ಟಿಕೆಟ್ ಮಾಡಿಸುವ ಹುಡುಗ.

ಲೀಗಲ್ ಅಂದ ಕೂಡಲೇ ನಾನು ಹುಷಾರಾಗಬೇಕಿತ್ತು. ಬೆಂಗಳೂರಿನಲ್ಲಿ ಸೈಟು ಕೊಂಡವನು ನಾನು. ಕಾಗದದಲ್ಲಿ ಎಲ್ಲಾ ಸರಿಯಿದ್ದೂ ಮನೆ ಏಳದ ಸೈಟುಗಳನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಮಗಳ ಬಾಣಂತನ, ಹೋಗಬೇಕಾದದ್ದು ಅಮೆರಿಕಕ್ಕೆ. ನಾಲ್ಕು ಗಂಟೆ ಬಿಡುವಿರುವ ಟಿಕೆಟ್ಟಿಗಿಂತ ಇದು ತಲೆಗೆ 11,000 ರೂಪಾಯಿ ಕಡಿಮೆ. ಹೂಂ ಅಂದುಬಿಟ್ಟೆ.

ಈ ಲೀಗಲ್ ಎಲ್ಲಿಂದ ಬಂತು ಅಂತ ಆಮೇಲೆ ತಿಳಿಯಿತು. ವಿಮಾನದವರ ಲೆಕ್ಕದಲ್ಲಿ 'ಮಿನಿಮಮ್ ಕನೆಕ್ಟಿಂಗ್ ಟೈಮ್' ಅಂತ ಒಂದಿದೆ. ಒಂದು ವಿಮಾನ ಇಳಿದು ಇನ್ನೊಂದು ಹತ್ತೋದಕ್ಕೆ ಕನಿಷ್ಠ ಎಷ್ಟು ನಿಮಿಷ ಬೇಕು ಅಂತ ಒಂದೊಂದು ಏರ್‌ಪೋರ್ಟಿಗೂ ಒಂದೊಂದು ಅಂಕಿ. ಫ್ರಾಂಕ್‌ಫರ್ಟಿಗೆ 45 ನಿಮಿಷ ಅಂತಾರೆ. ವಿಯೆನ್ನಾದವರು 25 ನಿಮಿಷ ಸಾಕು ಅಂತಾರೆ. 25 ನಿಮಿಷ! ಮನೆ ಬೀಗ ಹಾಕಿ, ಲಿಫ್ಟ್ ಇಳಿದು, ಗ್ಯಾಸ್ ಆಫ್ ಮಾಡಿದ್ವಾ ಅಂತ ನೋಡೋಕೆ ಮತ್ತೆ ಹತ್ತಿ ಬರೋಕೇ ನಮಗೆ ಅಷ್ಟು ಬೇಕು. ಕಂಪ್ಯೂಟರಿಗೆ ಈ ಅಂಕಿ ಕೊಟ್ಟಿರುತ್ತಾರೆ. ಅದಕ್ಕಿಂತ ಒಂದು ನಿಮಿಷ ಜಾಸ್ತಿ ಸಿಕ್ಕಿದರೆ ಸಾಕು, ಅದು ಟಿಕೆಟ್ ಮಾರಿಬಿಡುತ್ತದೆ.

ಈ ಲೆಕ್ಕ ಯಾರ ಕಾಲು ಅಳೆದು ಹಾಕಿದ್ದು? ಆ ಮನುಷ್ಯ ಯಾರಿರಬಹುದು ಅಂತ ತುಂಬಾ ಯೋಚಿಸಿದ್ದೇನೆ. ಅವನಿಗೆ ಮಿನಿಮಪ್ಪ ಅಂತ ಹೆಸರೂ ಇಟ್ಟಿದ್ದೇನೆ. ಮಿನಿಮಪ್ಪ ವಿಮಾನದಲ್ಲಿ ಬಾಗಿಲ ಪಕ್ಕದ ಸೀಟಿನಲ್ಲೇ ಕೂತಿರುತ್ತಾನೆ. ಕೈಯಲ್ಲಿ ಬ್ಯಾಗಿಲ್ಲ. ಹತ್ತು ಗಂಟೆ ಕೂತು ಬಂದರೂ ಬಾತ್‌ರೂಮಿಗೆ ಹೋಗಬೇಕು ಅನ್ನಿಸಲ್ಲ. ಮೊಣಕಾಲು ಹಿಡಿಯಲ್ಲ. ಬೋರ್ಡು ಕಂಡರೆ ಒಂದೇ ನೋಟಕ್ಕೆ ಅರ್ಥವಾಗುತ್ತೆ. ಅವನಿಗೆ ಮದುವೆಯಾಗಿಲ್ಲ. ಆಗಿದ್ದರೂ ಆಕೆ "ರೀ, ಒಂದ್ನಿಮಿಷ" ಅಂತ ಒಂದು ಸಲವೂ ಅಂದವಳಲ್ಲ.

ನಾನು ಮಿನಿಮಪ್ಪನಲ್ಲ. ನನ್ನ ಸೀಟು 43ನೇ ಸಾಲು.

ಇಳಿದದ್ದು ಯುರೋಪಿನ ಒಂದು ದೊಡ್ಡ ಏರ್‌ಪೋರ್ಟಿನಲ್ಲಿ. ಹೆಸರು ಹೇಳಲ್ಲ. ಮತ್ತೆ ಅಲ್ಲೇ ಇಳಿಯಬೇಕಾಗಬಹುದು. ನಮ್ಮ ವಿಮಾನ ಐದು ನಿಮಿಷ ಮುಂಚೆಯೇ ನೆಲ ಮುಟ್ಟಿತು. ಪೈಲಟ್ ಮೈಕಿನಲ್ಲಿ ಅದನ್ನು ಹೇಳಿಕೊಂಡು ಬೀಗಿದ. ನನ್ನ 65 ಈಗ 70 ಆಯಿತು ಅಂತ ನಾನೂ ಬೀಗಿದೆ. ಆದರೆ ಬೇಗ ಬಂದ ನೆಂಟರಿಗೆ ಯಾವ ಮನೆಯಲ್ಲಿ ಚಾಪೆ ಹಾಸಿಟ್ಟಿರುತ್ತಾರೆ? ನಿಲ್ಲಿಸೋಕೆ ಜಾಗ ಇಲ್ಲ ಅಂತ ವಿಮಾನ ರನ್‌ವೇ ಪಕ್ಕದಲ್ಲೇ ನಿಂತಿತು. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ಗೆ ಬಂದ ಬಸ್ಸು ಪ್ಲಾಟ್‌ಫಾರಂ ಸಿಗದೆ ಆನಂದರಾವ್ ಸರ್ಕಲ್ಲಿನಲ್ಲಿ ನಿಲ್ಲುವ ಹಾಗೆ. ವ್ಯತ್ಯಾಸ ಇಷ್ಟೇ, ಬಸ್ಸಿನಲ್ಲಿ "ಇಲ್ಲೇ ಇಳಿದುಬಿಡ್ತೀವಿ" ಅನ್ನಬಹುದು.

ಇನ್ನೊಂದು ಗುಟ್ಟಿದೆ. ವಿಮಾನ 14 ನಿಮಿಷ ತಡವಾಗಿ ಬಂದರೂ ಅವರ ಪುಸ್ತಕದಲ್ಲಿ ಅದು 'ಆನ್ ಟೈಮ್'. 15 ನಿಮಿಷದೊಳಗೆ ಬಂದದ್ದನ್ನೆಲ್ಲ ಸರಿಯಾದ ಸಮಯಕ್ಕೆ ಬಂತು ಅಂತಲೇ ಬರೆದುಕೊಳ್ಳುತ್ತಾರೆ. ಹೊರಡುವ ಕಡೆ ಮಾತ್ರ ಇದೇ ದೊಡ್ಡ ಮನಸ್ಸು ಇರಲ್ಲ. ಗೇಟು 15-20 ನಿಮಿಷ ಮುಂಚೆಯೇ ಮುಚ್ಚುತ್ತಾರೆ. ಅಂದರೆ 65ರಲ್ಲಿ 20 ಅವರು ಮುಚ್ಚಿಕೊಂಡರು, 14 ತಡವಲ್ಲದ ತಡಕ್ಕೆ ಹೋಯಿತು. ಪ್ರಯಾಣಿಕನ ಕೈಗೆ ಉಳಿದದ್ದು 31. ನಮ್ಮ ಕಡೆ ನೂರು ಕೊಟ್ಟು ಹಣ್ಣು ತಗೊಂಡರೆ ಚಿಲ್ಲರೆ ಬದಲು ಚಾಕ್ಲೇಟ್ ಕೊಡುತ್ತಾರಲ್ಲ, ಇದು ಆ ಜಾತಿಯ ಲೆಕ್ಕ. ಇಲ್ಲಿ ಚಾಕ್ಲೇಟೂ ಇಲ್ಲ.

ಕೊನೆಗೆ ವಿಮಾನ ನಿಂತಿತು. "ಮುಂದಿನ ವಿಮಾನಕ್ಕೆ ಸಮಯ ಕಡಿಮೆ ಇರುವವರಿಗೆ ದಯವಿಟ್ಟು ದಾರಿ ಬಿಡಿ" ಅಂತ ಮೈಕಿನಲ್ಲಿ ಕೇಳಿಕೊಂಡರು. 300 ಜನ ಒಟ್ಟಿಗೆ ಎದ್ದು ನಿಂತರು. ಎಲ್ಲರಿಗೂ ಅದೇ ಸಿಸ್ಟಮ್ಮೇ ಟಿಕೆಟ್ ಕೊಟ್ಟಿತ್ತು ಅಂತ ಕಾಣುತ್ತೆ. ಇಳಿದರೆ ಕೆಳಗೆ ಬಸ್ಸು. ಅದು ತುಂಬುವವರೆಗೂ ಹೊರಡಲಿಲ್ಲ. ಸಿಲ್ಕ್ ಬೋರ್ಡಿನ ಮ್ಯಾಕ್ಸಿಕ್ಯಾಬೇ. "ಒಳಗ್ ನಡೀರಿ, ಒಳಗ್ ನಡೀರಿ" ಅನ್ನುವವನೊಬ್ಬ ಇರಲಿಲ್ಲ ಅಷ್ಟೇ.

ಕಟ್ಟಡದ ಒಳಗೆ ಕಾಲಿಟ್ಟಾಗ 38 ನಿಮಿಷ ಉಳಿದಿತ್ತು. ಎದುರಿಗೇ ಬೋರ್ಡು: ನಿಮ್ಮ ಗೇಟಿಗೆ ನಡೆದು 20 ನಿಮಿಷ. ಸರಿ ಅಂತ ಓಡತೊಡಗಿದರೆ ದಾರಿ ನೇರವಾಗಿದ್ದರೆ ತಾನೇ? ಅದು ಒಂದು ಅಂಗಡಿಯೊಳಗೆ ನುಗ್ಗಿತು. ಎಡಕ್ಕೆ ಸೆಂಟು, ಬಲಕ್ಕೆ ವಿಸ್ಕಿ, ಮತ್ತೆ ಎಡಕ್ಕೆ ಚಾಕೊಲೇಟಿನ ಬೆಟ್ಟ. ದೇವಸ್ಥಾನದ ಕ್ಯೂನಲ್ಲಿ ಕಬ್ಬಿಣದ ಕಂಬಿ ಹಾಕಿ ಸುತ್ತಿಸುವುದಕ್ಕೆ ಒಂದು ಅರ್ಥ ಇದೆ, ಕೊನೆಗೆ ದೇವರು ಸಿಗುತ್ತಾನೆ. ಇಲ್ಲಿ ಸುತ್ತಿ ಸುತ್ತಿ ಬಂದರೆ ಲಿಪ್‌ಸ್ಟಿಕ್ ಸಿಕ್ಕಿತು.

ಸುಂಕವಿಲ್ಲದ ಈ ಏರ್‌ಪೋರ್ಟ್ ಅಂಗಡಿ ಮೊದಲು ಹುಟ್ಟಿದ್ದು 1947ರಲ್ಲಿ, ಐರ್ಲೆಂಡಿನ ಶಾನನ್ ಎಂಬ ಕಡೆ. ಆಗ ಅಟ್ಲಾಂಟಿಕ್ ದಾಟುವ ವಿಮಾನಗಳು ಅಲ್ಲಿ ಎಣ್ಣೆ ತುಂಬಿಸಿಕೊಳ್ಳೋಕೆ ಇಳಿಯುತ್ತಿದ್ದವು. ಪ್ರಯಾಣಿಕರು ಸುಮ್ನೆ ಕೂತಿರುತ್ತಾರಲ್ಲ, ಏನಾದರೂ ಮಾರೋಣ ಅಂತ ಯಾರಿಗೋ ಹೊಳೆಯಿತು. ಒಳ್ಳೆಯ ಯೋಚನೆಯೇ. ವಿಮಾನ ನಿಂತಿತ್ತು, ಅಂಗಡಿ ಬಂತು. ಈಗ ಅಂಗಡಿ ನಿಂತಿದೆ, ವಿಮಾನ ಹೋಗುತ್ತೆ. ದೊಡ್ಡ ಏರ್‌ಪೋರ್ಟುಗಳ ಆದಾಯದಲ್ಲಿ ಅಂಗಡಿ, ಬಾಡಿಗೆ, ಪಾರ್ಕಿಂಗಿನದ್ದೂ ದೊಡ್ಡ ಪಾಲು. ಅಂದಮೇಲೆ ಪ್ರಯಾಣಿಕನನ್ನು ನೆಟ್ಟಗೆ ಗೇಟಿಗೆ ಬಿಡೋಕೆ ಅವರಿಗೇನು ಹುಚ್ಚಾ?

ಅಂಗಡಿ ದಾಟಿದ ಮೇಲೆ ಒಂದು ಪುಟ್ಟ ರೈಲು, ಎರಡು ಎಸ್ಕಲೇಟರ್, ಆಮೇಲೆ ಮತ್ತೆ ಸೆಕ್ಯುರಿಟಿ. ಬೆಂಗಳೂರಿನಲ್ಲಿ ಬೆಲ್ಟು ಬಿಚ್ಚಿ ಕೈ ಎತ್ತಿ ನಿಂತದ್ದು ಇಲ್ಲಿ ಲೆಕ್ಕಕ್ಕಿಲ್ಲ. ಆಕಾಶದಲ್ಲಿ ಹತ್ತು ಗಂಟೆ ಕೂತಿದ್ದಾಗ ನಾನು ಏನನ್ನೋ ತಯಾರಿಸಿರಬಹುದು ಅಂತ ಅವರಿಗೆ ಅನುಮಾನ.

ಇಲ್ಲೇ ನಮ್ಮಾಕೆಯ ಕೈಚೀಲ ಸಿಕ್ಕಿಬಿತ್ತು. ಒಳಗಿದ್ದದ್ದು ಸ್ಟೀಲ್ ಡಬ್ಬಿ. ಡಬ್ಬಿಯಲ್ಲಿ ಬಾಣಂತಿ ಲೇಹ್ಯ. ನಾದಿನಿ ಮೂರು ದಿನ ಒಲೆ ಮುಂದೆ ನಿಂತು, ಶುಂಠಿ ಮೆಣಸು ಓಮ ಬೆಲ್ಲ ತುಪ್ಪ ಹಾಕಿ ಕಾಯಿಸಿದ್ದು. ಪೆಟ್ಟಿಗೆಯಲ್ಲಿ ಹಾಕಿದರೆ ಸೋರುತ್ತೆ ಅಂತ ಕೈಯಲ್ಲೇ ಹಿಡಿದಿದ್ದಳು. ಬೆಂಗಳೂರಿನಲ್ಲಿ ಅದನ್ನು ನೋಡಿದ ಹೆಣ್ಣುಮಗಳು "ಎಷ್ಟು ತಿಂಗಳು ಮೇಡಂ?" ಅಂತ ಕೇಳಿ ಬಿಟ್ಟುಕೊಟ್ಟಿದ್ದಳು. ಇಲ್ಲಿಯ ಅಧಿಕಾರಿ ಗ್ಲೌಸ್ ಹಾಕಿದ ಕೈಯಲ್ಲಿ ಡಬ್ಬಿ ಎತ್ತಿ, ಅದರೊಳಗಿನ ಕಪ್ಪನ್ನು ಬಾವಿಗೆ ಇಣುಕಿದ ಹಾಗೆ ಇಣುಕಿದ.

"ಲಿಕ್ವಿಡ್?" ಅಂದ.

2006ರ ಆಗಸ್ಟಿನಲ್ಲಿ ಬ್ರಿಟನ್ನಿನಲ್ಲಿ ದ್ರವದ ಬಾಂಬಿನ ಸಂಚು ಸಿಕ್ಕಿಬಿದ್ದ ಮೇಲೆ ಬಂದ ಕಟ್ಟಳೆ ಇದು. 100 ಎಂಎಲ್‌ಗಿಂತ ಜಾಸ್ತಿ ದ್ರವ ಕೈಯಲ್ಲಿ ಒಯ್ಯುವ ಹಾಗಿಲ್ಲ. ಈಗೀಗ ಹೊಸ ಸ್ಕ್ಯಾನರ್ ಬಂದು ಕೆಲವು ಕಡೆ ಸಡಿಲ ಮಾಡಿದ್ದಾರೆ, ನಾವು ಇಳಿದ ಕಡೆ ಮಾಡಿರಲಿಲ್ಲ. ಲೇಹ್ಯ ದ್ರವವೋ ಘನವೋ ಅಂತ ನನಗೇ ಗೊತ್ತಿರಲಿಲ್ಲ. ನಾನು "ಮೆಡಿಸಿನ್" ಅಂದೆ. ನಮ್ಮಾಕೆ ನನ್ನನ್ನು ಪಕ್ಕಕ್ಕೆ ಸರಿಸಿ, ಡಬ್ಬಿ ಇಸಿದುಕೊಂಡು, ಅವನ ಮುಖದೆದುರೇ ಅದನ್ನು ತಲೆಕೆಳಗು ಮಾಡಿದಳು. ಲೇಹ್ಯ ಬೀಳಲಿಲ್ಲ. "ನೋ ಲಿಕ್ವಿಡ್," ಅಂದಳು. ಅಧಿಕಾರಿ ತಲೆದೂಗಿದ. ಪಕ್ಕದ ಸಾಲಿನವರೂ ನೋಡುತ್ತಿದ್ದರು. ಗೆದ್ದೆವು ಅಂದುಕೊಂಡೆ. ಆಗ ಡಬ್ಬಿಯ ಅಂಚಿನಲ್ಲಿ ಒಂದು ಕಪ್ಪು ತೊಟ್ಟು ನಿಧಾನವಾಗಿ ಉದ್ದವಾಯಿತು. ಇನ್ನೂ ಉದ್ದವಾಯಿತು. ಎಲ್ಲರೂ ಉಸಿರು ಹಿಡಿದು ನಿಂತಿದ್ದ ಹೊತ್ತಿನಲ್ಲಿ ಅದು ಟ್ರೇ ಮೇಲೆ ತೊಪ್ ಅಂತ ಬಿತ್ತು.

"ಲಿಕ್ವಿಡ್," ಅಂದ ಅವನು.

ಮೂರು ದಿನದ ಶ್ರಮ ಕಸದ ಬುಟ್ಟಿಗೆ ಹೋಗುವ ಮುಂಚೆ ನಮ್ಮಾಕೆ ಎರಡು ಬೆರಳಲ್ಲಿ ಬಾಚಿ ನನ್ನ ಬಾಯಿಗೆ ಇಟ್ಟಳು. "ಎಸೆಯೋದಕ್ಕಿಂತ ನೀವಾದ್ರೂ ತಿನ್ನಿ." ಹೀಗೆ 62ನೇ ವಯಸ್ಸಿನಲ್ಲಿ ನಾನು ಬಾಣಂತಿ ಲೇಹ್ಯ ತಿಂದು ಓಡಿದೆ. ಸ್ವಲ್ಪ ಶಕ್ತಿ ಬಂದ ಹಾಗೂ ಆಯಿತು.

ಗೇಟು ತಲುಪಿದಾಗ ವಿಮಾನ ಹೊರಡೋಕೆ ಇನ್ನೂ 12 ನಿಮಿಷ ಇತ್ತು. ಗಾಜಿನ ಆಚೆ ಅದು ಕಾಣುತ್ತಿತ್ತು. ಕಿಟಕಿಯಲ್ಲಿ ಯಾರೋ ಬಾಳೆಹಣ್ಣು ತಿನ್ನುತ್ತಿದ್ದದ್ದೂ ಕಾಣುತ್ತಿತ್ತು. ಕೌಂಟರಿನ ಹುಡುಗಿ ಬಹಳ ಚೆನ್ನಾಗಿ ನಕ್ಕು, ಸಿಸ್ಟಮ್ ಕ್ಲೋಸ್ ಆಗಿದೆ ಅಂದಳು. ಟಿಕೆಟ್ ಕೊಟ್ಟಿದ್ದೂ ಸಿಸ್ಟಮ್ಮೇ, ಬಾಗಿಲು ಹಾಕಿದ್ದೂ ಸಿಸ್ಟಮ್ಮೇ. ನಡುವೆ ಓಡಿದ್ದು ಮಾತ್ರ ನಾವು.

ಒಂದು ಕಾಲದಲ್ಲಿ ಬೀರೂರು ಜಂಕ್ಷನ್ನಿನಲ್ಲಿ ಶಿವಮೊಗ್ಗದ ಗಾಡಿ ಬೆಂಗಳೂರಿನ ಗಾಡಿಗೆ ಕಾಯುತ್ತಿತ್ತು. ಇವತ್ತಿಗೂ ನಮ್ಮೂರಿನ ಬಸ್ಸಿನಲ್ಲಿ "ಸ್ವಲ್ಪ ನಿಲ್ಸಿ ಸ್ವಾಮಿ, ಹಿಂದಿನ ಬಸ್ಸಲ್ಲಿ ನಮ್ಮೋರು ಬರ್ತಾವ್ರೆ" ಅಂದರೆ ಕಂಡಕ್ಟರ್ ಬೈಯುತ್ತಲೇ ಒಂದು ಬೀಡಿ ಸೇದುವಷ್ಟು ಹೊತ್ತು ನಿಲ್ಲಿಸುತ್ತಾನೆ. ವಿಮಾನ ಹಾಗೆ ನಿಲ್ಲಲ್ಲ, ಗೊತ್ತು. ಆದರೆ ನಮ್ಮದು ನಿಂತಿತು! ಪ್ರಯಾಣಿಕ ಹತ್ತದಿದ್ದರೆ ಅವನ ಪೆಟ್ಟಿಗೆ ಇಳಿಸಬೇಕು ಅನ್ನುವುದು ಅಂತಾರಾಷ್ಟ್ರೀಯ ವಿಮಾನಗಳಲ್ಲಿ ಸಾಮಾನ್ಯ ನಿಯಮ. ನಮ್ಮ ನಾಲ್ಕು ಪೆಟ್ಟಿಗೆ ಹುಡುಕಿ ಇಳಿಸೋಕೆ ಅವರಿಗೆ 25 ನಿಮಿಷ ಹಿಡಿಯಿತು. ಚಟ್ನಿಪುಡಿ, ಅಂಟಿನುಂಡೆ, ಮೆಂತ್ಯದ ಹಿಟ್ಟು ಒಂದೊಂದಾಗಿ ಮರ್ಯಾದೆಯಿಂದ ಕೆಳಗಿಳಿದದ್ದನ್ನು ನಾವು ಗಾಜಿನ ಈಚೆ ನಿಂತು ನೋಡಿದೆವು. ನಮ್ಮನ್ನು ಹತ್ತಿಸೋಕೆ ಎರಡು ನಿಮಿಷ ಇರಲಿಲ್ಲ, ನಮ್ಮನ್ನು ಬಿಟ್ಟುಹೋಗೋಕೆ 25 ನಿಮಿಷ ಇತ್ತು.

ಆಮೇಲಿನ ಕಥೆ ಹೇಳೋಕೆ ಬೇಜಾರು. ಒಂದೇ ಟಿಕೆಟ್ಟಾದ್ದರಿಂದ ಮಾರನೇ ದಿನದ ವಿಮಾನ ಕೊಟ್ಟರು. ಕಾಸು ಉಳಿಸೋಕೆ ಎರಡು ಬೇರೆ ಬೇರೆ ಟಿಕೆಟ್ ಕೊಂಡವರಿಗೆ ಅದೂ ಇಲ್ಲ, ಅವರು ಜೇಬಿನಿಂದಲೇ ಹೊಸದು ಕೊಳ್ಳಬೇಕು. ಯುರೋಪಿನಲ್ಲಿ 261/2004 ಅಂತ ಒಂದು ನಿಯಮ ಇದೆ, ವಿಮಾನದವರ ತಪ್ಪಿನಿಂದ ತುಂಬಾ ತಡವಾದರೆ 600 ಯೂರೋವರೆಗೂ ಪರಿಹಾರ. ಕೇಳಿದೆ. ವಿಮಾನ ಐದು ನಿಮಿಷ ಮುಂಚೆ ಇಳಿದಿದೆಯಲ್ಲ ಸಾರ್, ಸೆಕ್ಯುರಿಟಿ ನಮ್ಮದಲ್ಲ ಅಂದರು. ಸೆಕ್ಯುರಿಟಿಯವರನ್ನು ಕೇಳಿದರೆ ಟಿಕೆಟ್ ನಮ್ಮದಲ್ಲ ಅಂದರು. ನಮ್ಮ ತಾಲ್ಲೂಕು ಆಫೀಸು ನೆನಪಾಗಿ ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು.

ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಮತ್ತೆ ಹೊರಟೆವು. ಈ ಸಲ 70 ನಿಮಿಷ. "ಮಾವ, ಸುಮ್ನೆ ವೀಲ್‌ಚೇರ್ ಹಾಕಿಸಿಬಿಡ್ತೀನಿ. ಎಲ್ಲರೂ ಹಾಕಿಸ್ತಾರೆ," ಅಂದ ಅಳಿಯ. ನಾನು ದಿನಾ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಮೂರು ರೌಂಡ್ ಹಾಕುವವನು, ಮೊಣಕಾಲು ಹಿಡಿದರೂ ಬಿಡದೆ. ನಾಚಿಕೆಯಾಯಿತು. ನಿಜವಾಗಿ ಕಾಲಿಲ್ಲದವರು ನಮ್ಮಂಥವರಿಂದ ಕಾಯಬೇಕಾಗುತ್ತೆ ಅಂತಲೂ ಗೊತ್ತು. ಆದರೆ ಲೇಹ್ಯವೂ ನೆನಪಾಯಿತು. ಹೂಂ ಅಂದುಬಿಟ್ಟೆ, ಎರಡನೇ ಸಲ.

ಏನು ಹೇಳಲಿ! ವಿಮಾನದ ಬಾಗಿಲಲ್ಲೇ ಹೆಸರು ಬರೆದ ಬೋರ್ಡು. ಅಂಗಡಿ ಸುತ್ತಲಿಲ್ಲ, ಯಾವುದೋ ಹಿತ್ತಲ ಲಿಫ್ಟು. ಸೆಕ್ಯುರಿಟಿಗೆ ಬೇರೆ ಸಾಲು. 16 ನಿಮಿಷಕ್ಕೆ ಗೇಟು. ಆ ಏರ್‌ಪೋರ್ಟಿನಲ್ಲಿ ನೆಟ್ಟಗಿನ ದಾರಿ ಒಂದಿತ್ತು, ನಡೆಯೋಕೆ ಬರುವವರಿಗೆ ಅದನ್ನು ತೋರಿಸುತ್ತಿರಲಿಲ್ಲ ಅಷ್ಟೇ. ಮಿನಿಮಪ್ಪ ಹೇಗೆ ಓಡುತ್ತಾನೆ ಅಂತ ಆಗ ಅರ್ಥವಾಯಿತು. ಅವನು ಓಡಲ್ಲ, ಕೂತಿರುತ್ತಾನೆ.

ಗೇಟಿನಲ್ಲಿ ಬೋರ್ಡು ನೋಡಿದರೆ ನಮ್ಮ ವಿಮಾನ ಎರಡು ಗಂಟೆ ತಡ. ನನ್ನನ್ನು ತಂದು ನಿಲ್ಲಿಸಿದ ಕಡೆ ಆಗಲೇ ಹತ್ತು ಹನ್ನೆರಡು ವೀಲ್‌ಚೇರ್ ಸಾಲಾಗಿದ್ದವು. ಸೀರೆ, ಮಂಕಿಕ್ಯಾಪು, ಸ್ಪೋರ್ಟ್ಸ್ ಶೂ, ಎಲ್ಲಾ ನಮ್ಮವರೇ. ಪಕ್ಕದ ಕುರ್ಚಿಯಲ್ಲಿದ್ದವರು ನನ್ನನ್ನು ಬಹಳ ಹೊತ್ತು ದಿಟ್ಟಿಸಿದರು.

"ತಾವು ಲಾಲ್‌ಬಾಗು, ವೆಸ್ಟ್ ಗೇಟು ಅಲ್ವಾ? ನನ್ನ ಓವರ್‌ಟೇಕ್ ಮಾಡ್ಕೊಂಡು ಹೋಗ್ತಿದ್ರಿ," ಅಂದರು.

"ಹೌದು," ಅಂದೆ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರು ತಮ್ಮ ಬಲ ಮೊಣಕಾಲನ್ನು ಮೆಲ್ಲಗೆ ನೀವಿಕೊಂಡರು. ನಾನು ನನ್ನ ಎಡದ್ದನ್ನು ನೀವಿಕೊಂಡೆ.